ಬೆಲ್ ಐಲ್‌ನಲ್ಲಿ ಸುಟ್ಟ ಬದನೆಕಾಯಿ

“ಬೆಂಕಿ ಇಲ್ಲದ್ದನ್ನ ಒಲೆ ಅಂತ ನಾನು ಹೇಗೆ ಒಪ್ಕೊಳ್ಳಲಿ, ನೀನೇ ಹೇಳು. ನಾವು ಬಂದಾಗ ಅಪಾರ್ಟ್‌ಮೆಂಟಲ್ಲಿ ಇದ್ದದ್ದು ಅದೇ. ಚಕ್ಕುಲಿ ಒತ್ತಿಟ್ಟ ಹಾಗೆ ನಾಲ್ಕು ಸುರುಳಿ. ತಿರುಪು ತಿರುಗಿಸಿದ್ರೆ ಮುನಿಸ್ಕೊಂಡೋರ ಮುಖದ ಹಾಗೆ ಕೆಂಪಗಾಗತ್ತೆ, ಅಷ್ಟೆ. ಉರಿ ಎಲ್ಲಿ? ಮೊದಲನೇ ವಾರ ಹಪ್ಪಳ ಸುಡೋಣ ಅಂತ ಅದರ ಮೇಲಿಟ್ಟೆ. ಹಪ್ಪಳಕ್ಕೆ ಚಕ್ಕುಲಿ ಬರೆ ಬಿತ್ತು, ಮಿಕ್ಕಿದ್ದೆಲ್ಲ ಹಸಿ, ಮನೆಯೆಲ್ಲ ಸುಟ್ಟ ವಾಸನೆ. ಪಕ್ಕದ ಮನೆಯ ಪೋಲಿಷ್ ಅಜ್ಜಿ ಓಡಿ ಬಂದು ಬಾಗಿಲು ಬಡಿದ್ಳು, ಯಾರಿಗೆ ಏನಾಯ್ತೋ ಅಂತ. ನಾನು ಅತ್ತುಬಿಟ್ಟೆ. ಸಮಾಧಾನ ಮಾಡಕ್ಕೆ ಇವರು ಭಾನುವಾರ ಪಾರ್ಕಿಗೆ ಕರಕೊಂಡು ಹೋದ್ರು. ಅಲ್ಲಿ ನೋಡಿದ್ರೆ ಮರಕ್ಕೊಂದು ಒಲೆ! ಕಬ್ಬಿಣದ ಕಂಬದ ಮೇಲೆ ಪೆಟ್ಟಿಗೆ, ಮೇಲೊಂದು ಜಾಲರಿ, ಒಳಗೆ ಇದ್ದಿಲು ಹಾಕೋದು. ಬಾಡಿಗೆ ಇಲ್ಲ, ಕೇಳೋರಿಲ್ಲ. ಇವರು ಗುಲಾಬಿ ತೋರಿಸ್ತಿದಾರೆ, ಕಾರಂಜಿ ತೋರಿಸ್ತಿದಾರೆ, ನನ್ನ ಕಣ್ಣೆಲ್ಲ ಒಲೆ ಮೇಲೆ. ಎಲ್ಲರೂ ಪಾರ್ಕಿಗೆ ಗಾಳಿಗೆ ಹೋಗ್ತಾರೆ, ನಾನು ಹೊಗೆಗೆ ಹೋದೋಳು ಕಣಮ್ಮ.”

ಮೈಸೂರು, ಬೆಂಗಳೂರಿನ ಕಡೆಯಿಂದ ಡೆಟ್ರಾಯಿಟ್ ಪಕ್ಕದ ವಾರೆನ್‌ಗೆ ಹೊಸದಾಗಿ ಬಂದ ಯಾವ ಹೆಣ್ಣುಮಗಳು ಸಿಕ್ಕಿದರೂ ಶಾರದ ಮೊದಲು ಹೇಳುತ್ತಿದ್ದ ಕತೆ ಇದು. ಅವಳ ಗಂಡ ಹಯವದನ ಕಾರು ಕಂಪನಿಯ ಟೆಕ್ನಿಕಲ್ ಸೆಂಟರಿನಲ್ಲಿ ಇಂಜಿನಿಯರು. ಅರವತ್ತೆಂಟನೇ ಇಸವಿಯಲ್ಲಿ ಬಂದವರು. ಮಗಳು ಇಂದು, ಮಗ ಮನೋಹರ್, ಇಬ್ಬರು ಮಕ್ಕಳು. ಚಳಿಗಾಲವನ್ನು ಶಾರದ ಹೇಗೋ ಹಲ್ಲುಕಚ್ಚಿ ಕಳೆಯುತ್ತಿದ್ದಳು; ಜೂನ್ ಬಂತೆಂದರೆ ಭಾನುವಾರದ ಬೆಳಗು ಅವಳದು. ಜಮಖಾನ, ಇದ್ದಿಲ ಚೀಲ, ಒಗ್ಗರಣೆ ಸೌಟು, ಅನ್ನದ ಡಬರಿ, ಮನೆಯದೇ ಒಂದು ಜಾಲರಿ, ಎಲ್ಲ ಕಾರಿನ ಡಿಕ್ಕಿ ಸೇರುತ್ತಿದ್ದವು. ಹಯವದನನಿಗೆ ಹೂದೋಟದ ಹುಚ್ಚು. ಪ್ರತಿ ಗಿಡದ ಮುಂದಿನ ಹಲಗೆಯನ್ನೂ ಓದದೆ ಮುಂದಕ್ಕೆ ಹೋಗುವವನಲ್ಲ. ಅವನು ಹಲಗೆಗಳನ್ನು ಓದಿ ಮುಗಿಸುವುದರೊಳಗೆ ಇವಳ ಮುಸುಕಿನ ಜೋಳ ಸುಟ್ಟಾಗಿರುತ್ತಿತ್ತು. ಜೊತೆಗೆ ಯಾರಾದರೊಂದು ಹೊಸ ಸಂಸಾರ ಇದ್ದೇ ಇರುತ್ತಿತ್ತು. ಕರೆಯದೆ ಹೋದರೆ ಅವಳಿಗೆ ಉಂಡಂತಾಗುತ್ತಿರಲಿಲ್ಲ.

ಎಪ್ಪತ್ತೆರಡನೇ ಇಸವಿಯ ಜುಲೈ ತಿಂಗಳಲ್ಲಿ ಒಂದು ಶುಕ್ರವಾರ ಶ್ರೀಧರ್ ಫೋನು ಮಾಡಿದ. ಡೆಟ್ರಾಯಿಟ್‌ನ ಆಸ್ಪತ್ರೆಯೊಂದರಲ್ಲಿ ಕಲಿಯುತ್ತಿದ್ದ ಹುಡುಗ ಡಾಕ್ಟರು. ಅವನ ಹೆಂಡತಿ ಪ್ರಭಾ ಬಂದು ಒಂದು ವರ್ಷವಾಗಿತ್ತಷ್ಟೆ. ಚಳಿಗಾಲದಲ್ಲಿ ಒಂದು ಬಸಿರು ಇಳಿದುಹೋಗಿತ್ತು; ಈಗ ಮತ್ತೆ ನಾಲ್ಕು ತಿಂಗಳು.

“ಶಾರದಕ್ಕ, ಇವಳಿಗೆ ನೀರು ಕುಡಿದರೂ ನಿಲ್ತಿಲ್ಲ. ಹತ್ತು ಪೌಂಡ್ ಇಳಿದುಬಿಟ್ಟಿದಾಳೆ. ಸೋಮವಾರದ ಹೊತ್ತಿಗೂ ಹೀಗೇ ಇದ್ದರೆ ಅಡ್ಮಿಟ್ ಮಾಡಬೇಕು ಅಂತ ಅವಳ ಡಾಕ್ಟ್ರು ಹೇಳಿದಾರೆ.”

“ಬಾಯಿಗೆ ಏನು ಬೇಕಂತೆ?”

“ಏನೂ ಬೇಡವಂತೆ.”

“ಏನೂ ಬೇಡ ಅನ್ನೋ ಬಸುರೀನ ನಾನು ಇನ್ನೂ ನೋಡಿಲ್ಲಪ್ಪ. ಅವಳಿಗೆ ಕೊಡು.”

ಪ್ರಭಾ ಫೋನು ತೆಗೆದುಕೊಂಡಳು. ಶಾರದ ಕಾದಳು. ಕಾಯುವುದು ಅವಳಿಗೆ ಕಷ್ಟವಲ್ಲ. ಎದುರಿನವರು ಉಸಿರು ಎಳೆದುಕೊಳ್ಳುವುದನ್ನು ಕೇಳುತ್ತಲೇ ಮುಂದಿನ ಮಾತು ಯಾವ ಕಡೆಯಿಂದ ಬರುತ್ತದೆಂದು ತಿಳಿಯುವ ಕಿವಿ ಅವಳದು.

“ಶಾರದಕ್ಕ... ಬದನೆಕಾಯಿ ಕೆಂಡದಲ್ಲಿ ಸುಟ್ಟಾಗ ಒಂದು ವಾಸನೆ ಬರತ್ತಲ್ಲ. ಬೂದಿ, ಹೊಗೆ, ಮಣ್ಣು ಎಲ್ಲ ಸೇರಿ...” ಎಂದು ಪ್ರಭಾ ಅಲ್ಲಿಗೇ ನಿಲ್ಲಿಸಿದಳು. ಇನ್ನರ್ಧ ಮಾತನ್ನು ನುಂಗಿಕೊಂಡದ್ದು ಶಾರದಳಿಗೆ ಗೊತ್ತಾಯಿತು. ಕೆದಕಲಿಲ್ಲ.

“ಭಾನುವಾರ ಸುಟ್ಟ ಬದನೆಕಾಯಿ ಗೊಜ್ಜು. ಆಯ್ತಾ? ಅಲ್ಲೀವರೆಗೂ ಗಂಜಿ ತಿಳಿ ಕುಡಿ” ಎಂದಳು.

ಪ್ರಭಾಳಿಗೆ ಕಾರಿನಲ್ಲಿ ದೂರ ಕೂರುವ ತ್ರಾಣವಿಲ್ಲ. ಅವಳ ಮನೆಗೆ ಹತ್ತಿರವೆಂದರೆ ಬೆಲ್ ಐಲ್. ಡೆಟ್ರಾಯಿಟ್ ಹೊಳೆಯ ನಡುವಿನ ನಡುಗಡ್ಡೆ. ಸೇತುವೆ ದಾಟಿದರೆ ಪಾರ್ಕು, ಹೊಳೆಯ ಆಚೆ ದಡದಲ್ಲಿ ಕೆನಡಾ.

“ಅಲ್ಲಿಗೆ ಈಗ ಯಾರೂ ಹೋಗಲ್ಲ ಕಣೇ. ಆಫೀಸಲ್ಲಿ ಬಿಳಿಯರೆಲ್ಲ ಅದನ್ನೇ ಹೇಳ್ತಾರೆ” ಎಂದ ಹಯವದನ.

“ಯಾರೂ ಹೋಗದಿದ್ರೆ ಒಲೆ ಖಾಲಿ ಇರತ್ತೆ, ಏಳಿ.”

ಯಾರೂ ಹೋಗದ ಆ ಪಾರ್ಕಿನಲ್ಲಿ ಅಂದು ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ. ಮರದಡಿಗಳಲ್ಲೆಲ್ಲ ಕಪ್ಪು ಜನದ ಸಂಸಾರಗಳು, ರೇಡಿಯೋ, ಚೆಂಡಾಟ, ಕೂಸುಗಳ ಅಳು. ಹೊಳೆಯ ಕಡೆ ಒಂದು ವಿಲ್ಲೋ ಮರದ ಕೆಳಗೆ ಒಲೆಯೊಂದು ಖಾಲಿಯಿತ್ತು. ಆದರೆ ಅದರ ಜಾಲರಿಗೆ ಹಿಂದಿನ ವಾರ ಯಾರೋ ಸುಟ್ಟ ಮಾಂಸದ ಜಿಡ್ಡು ಹೆಪ್ಪುಗಟ್ಟಿತ್ತು. ಶಾರದ ತನ್ನ ಜಾಲರಿಗಾಗಿ ಡಿಕ್ಕಿಯಲ್ಲಿ ಕೈಯಾಡಿಸಿದಳು. ಇಲ್ಲ. ಬೆಳಿಗ್ಗೆ ಅಂಗಡಿಗೆ ಹೋಗಿ ಬದನೆಕಾಯಿ ತರುವ ಅವಸರದಲ್ಲಿ ಮನೆಯಲ್ಲೇ ಮರೆತಿದ್ದಳು.

“ಬಸುರಿ ಬಾಯಿಗೆ ಹೋಗೋದು. ಇದರ ಮೇಲೆ ನಾನು ಇಡಲ್ಲ” ಎಂದವಳೇ ನೀರಿನ ಅಂಚಿನಿಂದ ಮೂರು ಕಲ್ಲು ಆರಿಸಿ ತಂದಳು. ಹುಲ್ಲು ಬೆಳೆಯದ ಕಡೆ ನೆಲ ಕೆರೆದು ಹೂಡಿದಳು. ಇದ್ದಿಲು ಸುರಿದು, ಕಾಗದದ ತಟ್ಟೆಯಿಂದ ಬೀಸಿದಳು. ಈ ದೇಶದ ಬದನೆಕಾಯಿ ಬೇರೆ, ನಮ್ಮೂರಿನ ನಾಲ್ಕು ಕಾಯಿಯಷ್ಟು ದಪ್ಪ. ಎಣ್ಣೆ ಸವರಿ ಕೆಂಡದ ಮೇಲೆ ಮಲಗಿಸಿದಳು. ಸಿಪ್ಪೆ ಚಿಟಪಟ ಎಂದು ಸಿಡಿಯತೊಡಗಿದಾಗ, ಜಮಖಾನದ ಮೇಲೆ ಕಣ್ಣುಮುಚ್ಚಿ ಒರಗಿದ್ದ ಪ್ರಭಾ ಎದ್ದು ಕೂತಳು. ಅವಳ ಮೂಗು ಅರಳಿದ್ದನ್ನು ಶಾರದ ನೋಡಿದಳು.

ಅಷ್ಟರಲ್ಲಿ ಟಪಟಪ ಗೊರಸಿನ ಸದ್ದು. ಕುದುರೆಯ ಮೇಲೊಬ್ಬ ಪೊಲೀಸು. ದಸರಾದ ಕುದುರೆ ಪೊಲೀಸರನ್ನು ನೋಡುತ್ತ ಬೆಳೆದ ಶಾರದಳಿಗೆ ಭಯಕ್ಕಿಂತ ಸಂತೋಷವೇ ಹೆಚ್ಚಾಯಿತು, ಕುದುರೆ ಚೆನ್ನಾಗಿತ್ತು. ಅವನು ಏನೋ ಹೇಳಿದ. ಹಯವದನ “ಎಸ್ ಸರ್, ಸಾರಿ ಸರ್” ಎಂದು ಮತ್ತೆ ಮತ್ತೆ ಹೇಳಿ ಇವಳ ಕಡೆ ತಿರುಗಿದ. ಕಿವಿ ಕೆಂಪಾಗಿತ್ತು.

“ನೆಲದ ಮೇಲೆ ಬೆಂಕಿ ಹಾಕಕೂಡದಂತೆ. ಆರಿಸಬೇಕಂತೆ.”

“ಇನ್ನೊಂಚೂರು ಬೇಯಲಿ ಅಂತ ಹೇಳಿ.”

“ಹಾಗೆಲ್ಲ ಪೊಲೀಸರಿಗೆ ಹೇಳಕ್ಕಾಗಲ್ಲ ಕಣೇ!”

ಪೊಲೀಸಿನವನು ಗದರಲಿಲ್ಲ, ಆದರೆ ಬೆಂಕಿ ಆರುವ ತನಕ ಅಲ್ಲೇ ನಿಂತ. ಹಯವದನ ಕುಡಿಯುವ ನೀರಿನ ಕೂಜವನ್ನೆತ್ತಿ ಸುರಿದ. ಚೊಯ್ಯೆಂದು ಹೊಗೆ ಎದ್ದಿತು. ಬದನೆಕಾಯಿ ಒಂದು ಮಗ್ಗುಲು ಕರಿ, ಇನ್ನೊಂದು ಮಗ್ಗುಲು ಹಸಿಯಾಗಿ ಕೆಸರಿನಲ್ಲಿ ಬಿದ್ದಿತ್ತು. ಕುದುರೆ ಮುಂದೆ ಹೋಯಿತು. ಕಾದ ನೆಲಕ್ಕೆ ನೀರು ಬಿದ್ದು, ಮೊದಲ ಮಳೆ ಬಿದ್ದಾಗಿನಂಥ ಮಣ್ಣಿನ ವಾಸನೆ ಏಳತೊಡಗಿತು. ಶ್ರೀಧರ್ ಮಕ್ಕಳನ್ನು ಕರೆದುಕೊಂಡು ನೀರು ತರಲು ಹೊರಟ. ಶಾರದ ಬಗ್ಗಿ ಬದನೆಕಾಯಿ ಎತ್ತಿಕೊಳ್ಳುತ್ತಿದ್ದಳು. ಆಗ ಕಂಡಿತು. ಪ್ರಭಾ ಕಲ್ಲುಗಳ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದಳು. ಅವಳ ಎರಡು ಬೆರಳು ಬೆಚ್ಚನೆಯ ಮಣ್ಣನ್ನು ಚಿವುಟಿ, ಬಾಯಿಗೆ ಹೋಗಿ, ಬಂದವು. ಕಣ್ಣಿಗೆ ಕಣ್ಣು ಸೇರಿದ ಕೂಡಲೇ ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, ಎದ್ದು ಮರದ ಹಿಂದಕ್ಕೆ ಹೋಗಿಬಿಟ್ಟಳು.

ಇದನ್ನು ಇನ್ನೊಬ್ಬರೂ ನೋಡಿದ್ದರು. ಪಕ್ಕದ ಮರದಡಿ ಮೊಮ್ಮಕ್ಕಳ ಹಿಂಡನ್ನೇ ಕಟ್ಟಿಕೊಂಡು ಬಂದಿದ್ದ ಕಪ್ಪು ಜನದ ಹಿರಿಯ ಹೆಂಗಸು. ಹೆಸರು ವರ್ನೆಲ್ ಎಂದು ಆಮೇಲೆ ತಿಳಿಯಿತು. ಆಗಿನಿಂದ ಶಾರದಳ ಕಲ್ಲು ಹೂಡುವಿಕೆಯನ್ನು ನೋಡಿ ನಗುತ್ತಿದ್ದವಳು ಈಗ ನಗದೆ ಎದ್ದು ಬಂದಳು. ನೇರ ಪ್ರಭಾಳ ಬಳಿಗೆ ಹೋಗಿ, ಅವಳ ಬೆನ್ನ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ಮಾತಾಡತೊಡಗಿದಳು. ಶಾರದಳಿಗೆ ಆ ಇಂಗ್ಲಿಷಿನ ಒಂದು ಪದವೂ ಹಿಡಿತಕ್ಕೆ ಬರಲಿಲ್ಲ. ಆದರೆ ದನಿ ತಿಳಿಯಿತು. ಹೆರಿಗೆ ಮನೆಯ ಬಾಗಿಲಲ್ಲಿ ಹಿರಿಯರು ಆಡುವ ದನಿ ಅದು. ಪ್ರಭಾ ಕೇಳುತ್ತ ಕೇಳುತ್ತ ಬಿಕ್ಕಿದಳು.

“ಏನಂತಾರೇ?” ಎಂದಳು ಶಾರದ.

“ಅವರಿಗೆ ಐದು ಮಕ್ಕಳಂತೆ. ಒಂದೊಂದು ಸಲವೂ ಅವರಮ್ಮ ಊರಿಂದ, ಅಲಬಾಮಾದಿಂದ, ಪೋಸ್ಟಲ್ಲಿ ಡಬ್ಬಿ ಕಳಿಸ್ತಿದ್ರಂತೆ.”

“ಏನು, ಉಪ್ಪಿನಕಾಯೇ?”

“ಮಣ್ಣು. ಅವರ ಮನೆ ಹಿಂದಿನ ಕೆಮ್ಮಣ್ಣು. ತಿನ್ನಕ್ಕೆ.” ಪ್ರಭಾ ಮುಖ ಮುಚ್ಚಿಕೊಂಡಳು. “ನಾನು ಕಿಟಕಿ ಹತ್ರ ಇರೋ ಹೂವಿನ ಕುಂಡದ್ದು ತಿಂದೆ ಶಾರದಕ್ಕ. ಹೋದ ಸಲವೂ ತಿಂದಿದ್ದೆ. ಅದಕ್ಕೇ ಆ ಮಗು ಹೋಯ್ತು. ಈಗ ಇದೂ... ಅದಕ್ಕೇ ಊಟ ಒಳಗೆ ಹೋಗಲ್ಲ. ಬೇಕು ಅನ್ಸೋದು ಅದೊಂದೇ, ಅದನ್ನ ತಿನ್ನಬಾರದು.”

ಎಷ್ಟು ದಿನದಿಂದ ಈ ಹುಡುಗಿ ಇದನ್ನು ಒಬ್ಬಳೇ ಹೊತ್ತಿದ್ದಳೋ ಎಂದು ಶಾರದ ಅವಳ ತಲೆ ನೇವರಿಸಿದಳು. ಆದರೆ ಬಾಯಲ್ಲಿ ಗದರಿದಳು. “ಹುಚ್ಚುಹುಡುಗಿ! ಇಂದು ಹೊಟ್ಟೇಲಿದ್ದಾಗ ನಾನು ಬಳಪ ತಿಂದಿದೀನಿ. ಒಂದೆರಡಲ್ಲ, ನಮ್ಮ ನಾದಿನಿಯ ಡಬ್ಬಿ ಡಬ್ಬೀನೇ. ಅವಳು ಸ್ಲೇಟಲ್ಲಿ ಬರೆಯಕ್ಕೆ ಬಳಪ ಇಲ್ಲ ಅಂತ ಅತ್ಳು, ನಮ್ಮತ್ತೆ ಮನೆ ಇಲಿಗಳಿಗೆ ಬೈದ್ರು. ನಾನು ಸುಮ್ಮನೆ ಕೂತಿದ್ದೆ. ನೋಡು ಅಲ್ಲಿ ಆ ಇಲಿಯ ಮಗಳು ಹೇಗೆ ಕುಣೀತಿದಾಳೆ.”

ಪ್ರಭಾ ಅಳುವಿನ ನಡುವೆಯೇ ಕಿಸಕ್ಕೆಂದಳು. ನೀರಿನ ಕೂಜ ಹಿಡಿದು ಶ್ರೀಧರ್ ಹಿಂದೆಯೇ ನಿಂತಿದ್ದುದು ಆಗ ಗೊತ್ತಾಯಿತು. ಕೇಳಿಸಿಕೊಂಡಿದ್ದ. ಕೂಜ ಇಳಿಸಿ, ಪ್ಯಾಂಟಿಗೆ ಕೆಸರಾಗುವುದನ್ನೂ ನೋಡದೆ ಅವಳ ಮುಂದೆ ಕೂತ.

“ನನಗ್ಯಾಕೆ ಹೇಳಲಿಲ್ಲ ಪ್ರಭಾ?”

“ನೀವು ಡಾಕ್ಟ್ರು.”

ಅವನು ಮೆಲ್ಲಗೆ ಹೇಳಿದ: “ರಕ್ತದಲ್ಲಿ ಕಬ್ಬಿಣ ಕಡಮೆ ಆದವರಿಗೆ ಹೀಗೆ ಅನ್ಸತ್ತೆ. ನಾಳೆ ಪರೀಕ್ಷೆ ಮಾಡಿಸೋಣ, ಮಾತ್ರೆ ಇದೆ. ಕುಂಡದ ಮಣ್ಣು ಮಾತ್ರ ಬೇಡ, ಅದಕ್ಕೆ ಗೊಬ್ಬರ ಹಾಕಿರ್ತಾರೆ. ಆದರೆ ಹೋದ ಸಲದ್ದು ಅದರಿಂದ ಅಲ್ಲ. ನಿನ್ನಿಂದ ಅಲ್ಲ. ಕೇಳಿಸ್ತಾ?” ಪ್ರಭಾ ತಲೆಯಾಡಿಸಿದಳು. ನಂಬಿದಳೋ ಇಲ್ಲವೋ, ಕೈಯನ್ನು ಮಾತ್ರ ಅವನಿಗೆ ಕೊಟ್ಟಳು.

ಅತ್ತ ವರ್ನೆಲ್ ತನ್ನ ಒಲೆಯ ಮೇಲಿದ್ದ ಕೋಳಿಯನ್ನೆಲ್ಲ ತಟ್ಟೆಗೆ ತೆಗೆದಿಟ್ಟು, ಜಾಲರಿಯನ್ನೇ ಎತ್ತಿ ಹುಲ್ಲಿನ ಮೇಲಿಟ್ಟಿದ್ದಳು. ಕೆಳಗೆ ನಿಗಿನಿಗಿ ಕೆಂಡ. ಬಾ ಎಂದು ಶಾರದಳಿಗೆ ಕೈಬೀಸಿದಳು. ಕೋಳಿಯ ಕೊಬ್ಬು ಆ ಕೆಂಡಕ್ಕೆ ತೊಟ್ಟಿಕ್ಕಿದ್ದನ್ನು ಶಾರದ ಕಣ್ಣಾರೆ ನೋಡಿದ್ದಳು. ಇನ್ನೊಂದು ಕಡೆ, ಆ ಮನೆಯ ಮಕ್ಕಳ ಊಟ ತಟ್ಟೆಯಲ್ಲಿ ತಣ್ಣಗಾಗುತ್ತಿತ್ತು. ಬುಟ್ಟಿಯಿಂದ ಹೊಸ ಬದನೆಕಾಯಿ ತೆಗೆದು ಎಣ್ಣೆ ಸವರಿದಳು.

“ಬೆಂಕಿಗೆ ಮೈಲಿಗೆ ಇಲ್ಲ” ಎಂದು ಕೆಂಡದಲ್ಲಿಟ್ಟಳು.

“ಇದನ್ನ ಸ್ವಲ್ಪ ಮುಂಚೆ ಹೇಳಿದ್ರೆ, ನಾನು ಕುದುರೆ ಮುಂದೆ ಕೈಕಟ್ಟಿ ನಿಲ್ಲೋದು ತಪ್ತಿತ್ತು” ಎಂದ ಹಯವದನ.

“ಕುದುರೆಗಾದ್ರೂ ಕೈಕಟ್ಟಿದ್ರಲ್ಲ, ಬಿಡಿ.”

ಕಾಯಿ ಮೆತ್ತಗಾಗಿ ಕುಸಿಯಿತು. ಶಾರದ ಉಫ್ ಉಫ್ ಎನ್ನುತ್ತ ಬರಿಗೈಯಲ್ಲೇ ಸಿಪ್ಪೆ ಸುಲಿದಳು. ಅಲ್ಲಲ್ಲಿ ಒಂಚೂರು ಕರಿಯನ್ನು ಬೇಕೆಂದೇ ಬಿಟ್ಟಳು. ಹಸಿಮೆಣಸಿನಕಾಯಿ, ಈರುಳ್ಳಿ, ಹುಣಿಸೆರಸ, ಚೂರು ಬೆಲ್ಲ ಹಾಕಿ ಕಿವುಚಿದಳು. ಸೌಟನ್ನು ಅದೇ ಕೆಂಡಕ್ಕೆ ಹಿಡಿದು ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟಳು. ಪ್ರಭಾಳ ತಟ್ಟೆಗೆ ಅನ್ನ ಹಾಕಿ, ಗೊಜ್ಜು ಕಲಸಿ, ಮೊದಲ ತುತ್ತನ್ನು ತಾನೇ ಕೈಗಿಟ್ಟಳು. ಎಲ್ಲರೂ ಹೊಳೆಯ ಕಡೆ ನೋಡುತ್ತಿರುವಂತೆ ನಟಿಸಿದರು. ಹಡಗೊಂದು ಹೋಗುತ್ತಿತ್ತು, ಅದರ ಹೆಸರನ್ನು ಹಯವದನ ಎರಡು ಸಲ ಓದಿ ಹೇಳಿದ. ಎರಡನೆಯ ತುತ್ತಿಗೆ ಪ್ರಭಾಳೇ ಕೈಚಾಚಿದಳು. ತಟ್ಟೆ ಖಾಲಿಯಾಯಿತು.

ಒಂದು ಬಟ್ಟಲು ಗೊಜ್ಜು ವರ್ನೆಲ್‌ಗೆ ಹೋಯಿತು. ಅವಳು ಬೆರಳಲ್ಲಿ ನೆಕ್ಕಿ ನೋಡಿ ಏನೋ ಹೇಳಿದಳು. ಹಯವದನ ಜೋರಾಗಿ ನಕ್ಕ. “ಖಾರ ಸಾಲದಂತೆ!”

ಆದರೆ ಶಾರದ ಪ್ರಭಾಳ ಮುಖದಿಂದ ಕಣ್ಣು ತೆಗೆಯಲಿಲ್ಲ. ತಿನ್ನುವುದೇನೋ ತಿಂದಳು; ನಿಲ್ಲಬೇಕಲ್ಲ. “ಇವತ್ತು ನಮ್ಮನೇಲೇ ಇರ್ಲಿ” ಎಂದು ವಾರೆನ್‌ಗೆ ಹೊರಡಿಸಿದಳು. ಹಿಂದಿನ ಸೀಟಿನಲ್ಲಿ ಪ್ರಭಾಳ ತಲೆ ಅವಳ ತೊಡೆಯ ಮೇಲೆ. ಹಯವದನ ಮೊಟ್ಟೆ ಗಾಡಿ ಹೊಡೆಯುವವನಂತೆ ಡ್ರೈವ್ ಮಾಡಿದ. ಹಿಂದಿನವರು ಹಾರನ್ ಬಾರಿಸಿಕೊಂಡು ಹೋದರು. ಪ್ರತಿ ತಿರುವಿನಲ್ಲೂ ಶಾರದ ಪ್ಲಾಸ್ಟಿಕ್ ಚೀಲ ಬಿಡಿಸಿ ಹಿಡಿದು ಕಾದಳು. ಚೀಲ ಬೇಕಾಗಲಿಲ್ಲ. ಹುಡುಗಿ ನಿದ್ದೆಹೋಗಿದ್ದಳು.

ಮನೆ ಸೇರಿ ಸೋಫಾದ ಮೇಲೆ ಮಲಗಿಸಿದರೂ ಎಚ್ಚರವಾಗಲಿಲ್ಲ. ಶ್ರೀಧರ್ ಪಕ್ಕದ ಕುರ್ಚಿಯಲ್ಲಿ ಕೂತೇ ತೂಕಡಿಸಿದ. ಮಕ್ಕಳು ಟಿವಿಯ ಸದ್ದು ಅಡಗಿಸಿ ನೋಡಿದರು. ಹೊರಗೆ ಇನ್ನೂ ಬೆಳಕಿತ್ತು. ಈ ದೇಶದ ಜುಲೈ ಸಂಜೆ ಮುಗಿಯುವುದೇ ಇಲ್ಲ. ಶಾರದ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಬಾಗಿಲಲ್ಲಿ ನೆರಳಾಡಿತು. ಕೆದರಿದ ಕೂದಲು, ಕೆನ್ನೆಯ ಮೇಲೆ ದಿಂಬಿನ ಗೆರೆ.

“ಶಾರದಕ್ಕ, ಹಸಿವಾಗ್ತಿದೆ.”

ಶಾರದ ಕೊಳಾಯಿ ನಿಲ್ಲಿಸಿ, ಕಣ್ಣನ್ನು ತೋಳಿಗೆ ಒತ್ತಿಕೊಂಡಳು.

“ಕೂತ್ಕೋ. ಮೊಸರನ್ನ ಕಲಸಿಕೊಡ್ತೀನಿ.”

ಪಾತ್ರೆಯಲ್ಲಿದ್ದ ಮೊಸರನ್ನೆಲ್ಲ ಅನ್ನಕ್ಕೆ ಸುರಿದಳು, ಹೆಪ್ಪಿಗೆಂದು ಒಂದು ಚಮಚ ಮಾತ್ರ ಉಳಿಸಿಕೊಂಡು. ಪ್ರಭಾ ಮೇಜಿನ ಬಳಿ ಕೂತು ತಟ್ಟೆಯ ಸದ್ದು ಮಾಡುತ್ತ ಉಣ್ಣತೊಡಗಿದಳು. ಶಾರದ ಹಾಲನ್ನು ಬಿಸಿಗಿಟ್ಟಳು. ಉಕ್ಕಿದ ಮೇಲೆ ಇಳಿಸಿ, ಆರಲು ಬಿಟ್ಟು, ಕಿರುಬೆರಳು ಅದ್ದಿ ನೋಡಿದಳು. ಇನ್ನೂ ಬಿಸಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದಳು. ಹದವಾಗಿತ್ತು. ಹೆಪ್ಪು ಹಾಕಿ, ಚಮಚದಲ್ಲಿ ಒಂದು ಸುತ್ತು ತಿರುವಿ, ತಟ್ಟೆ ಮುಚ್ಚಿ, ಹಯವದನನ ಹಳೇ ಸ್ವೆಟರು ಸುತ್ತಿ ಮೂಲೆಗಿಟ್ಟಳು.