ಬಲೆಯ ಗುಂಡು ಕಟ್ಟಿದ ದೀಪ

ನಮ್ಮ ಮನೆಗೆ ವಿದ್ಯುತ್ ದೀಪ ಬಂದ ವರ್ಷ ನನಗೆ ಹತ್ತೊಂಬತ್ತು. ಮಂಗಳೂರಿನ ಬಂದರಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಕೆಂಪು ಮುರಕಲ್ಲಿನ ಗೋಡೆ, ಹಂಚಿನ ಮಾಡು, ಎದುರಿಗೆ ಒಂದು ಹಲಸಿನ ಮರ. ತಂದೆ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ನಾವು ಮೂವರು ಹೆಂಗಸರು: ನನ್ನ ತಾಯಿ, ಅವರ ಅಕ್ಕ, ನಾನು. ತಾಯಿಯನ್ನು ನಾನು ಕೊಂಕಣಿಯಲ್ಲಿ ಮಾಂಯ್ ಎಂದೂ ದೊಡ್ಡಮ್ಮನನ್ನು ಮಾವ್ಶಿ ಎಂದೂ ಕರೆಯುತ್ತಿದ್ದೆ. ನಾನು ಆಗ ಶಿಕ್ಷಕಿಯರ ತರಬೇತಿ ಶಾಲೆಗೆ ಹೋಗುತ್ತಿದ್ದೆ.

ಮಾಂಯ್ ಸೂಲಗಿತ್ತಿ, ಊರವರಿಗೆಲ್ಲ ಬಾಯಮ್ಮ. ಕನ್ಯಾಸ್ತ್ರೀಯರ ಆಸ್ಪತ್ರೆಯಲ್ಲಿ ಕಲಿತವರು. ಮನೆಯ ಎದುರಿನ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಒಂದು ಮೇಜು, ನೀರು ಕಾಯಿಸಲು ಒಂದು ಹಂಡೆ. ಊರಿನ ಬಡ ಹೆಂಗಸರು, ಅದರಲ್ಲೂ ನದಿಯಾಚೆಯ ಬೆಂಗ್ರೆಯ ಮೀನುಗಾರರ ಮನೆಯವರು, ದೋಣಿ ದಾಟಿ ಅಲ್ಲಿಗೆ ಹೆರಿಗೆಗೆ ಬರುತ್ತಿದ್ದರು. ಆ ಕೋಣೆಯ ಬಾಗಿಲು ಮುಚ್ಚಿದರೆ ನನಗೆ ಒಳಗೆ ಪ್ರವೇಶವಿರಲಿಲ್ಲ. ಬಿಸಿನೀರು ಹೊಸ್ತಿಲವರೆಗೆ ತಂದಿಡುವುದಷ್ಟೇ ನನ್ನ ಕೆಲಸ. ಒಳಗಿನ ಸಹಾಯವೆಲ್ಲ ಮಾವ್ಶಿಯದು, ಲಾಟೀನು ಹಿಡಿಯುವುದೂ ಅವರೇ.

ರಸ್ತೆಗೆ ಕಂಬಗಳು ಬಂದು, ದೊಡ್ಡ ಅಂಗಡಿಗಳಲ್ಲೂ ವಕೀಲರ ಬಂಗಲೆಗಳಲ್ಲೂ ಲೈಟು ಉರಿಯಲು ಶುರುವಾಗಿ ಕೆಲವು ವರ್ಷಗಳಾಗಿದ್ದವು. ನಮ್ಮ ಓಣಿಗೂ ತಂತಿ ಬಂದಾಗ ಮಾಂಯ್ ಒಂದೇ ಮಾತಿನಲ್ಲಿ ಹೇಳಿದರು, "ಬೇರೆ ಕೋಣೆಗೆ ಬೇಡದಿದ್ದರೆ ಬೇಡ. ಮಂಚದ ಕೋಣೆಗೆ ಬೇಕು." ಮಾವ್ಶಿಗೆ ಅದು ಹಿಡಿಸಲಿಲ್ಲ. ಆ ಬೆಳಕಿನಲ್ಲಿ ಬಾಣಂತಿಯ ಎದೆಹಾಲು ಬತ್ತುತ್ತದೆಯೆಂದು ಯಾರೋ ಅವರಿಗೆ ಹೇಳಿದ್ದರು.

ಕೆಲಸ ಬಲ್ಲವರು ಯಾರೆಂದು ನಮಗೆ ಗೊತ್ತಿರಲಿಲ್ಲ. ದಿನಾ ಬಾಗಿಲಿಗೆ ಮೀನು ತರುವ ಹೆಂಗಸು ಬುಟ್ಟಿ ಇಳಿಸುತ್ತಾ ಹೇಳಿದಳು, "ನಮ್ಮ ಬೆಂಗ್ರೆಯಲ್ಲಿ ಒಬ್ಬರಿದ್ದಾರೆ ಬಾಯಮ್ಮ. ಬೊಂಬಾಯಿಯ ಮಿಲ್ಲಿನಲ್ಲಿ ಲೈಟಿನ ಕೆಲಸ ಮಾಡಿ ಬಂದವರು. ನಾಳೆ ಕಳಿಸ್ತೇನೆ."

ಮರುದಿನ ಬೆಳಿಗ್ಗೆ ಬಂದವರು ನಲವತ್ತು ದಾಟಿದ, ಎತ್ತರದ, ಸಮುದ್ರದ ಬಿಸಿಲಿಗೆ ಕಪ್ಪಾದ ಮನುಷ್ಯ. ಹೆಗಲ ಮೇಲೆ ಒಂದು ಕ್ಯಾನ್ವಾಸಿನ ಚೀಲ. ಅಂಗಳದಲ್ಲೇ ನಿಂತು ಕೈಮುಗಿದರು.

"ನನ್ನ ಗುರುತು ಸಿಕ್ಕಲಿಲ್ಲ ಅಲ್ವಾ ಬಾಯಮ್ಮ? ನನ್ನ ಎರಡು ಮಕ್ಕಳೂ ನಿಮ್ಮ ಕೈಯಲ್ಲೇ ಹುಟ್ಟಿದ್ದು."

"ಎಷ್ಟು ಮಕ್ಕಳು ಮೇಸ್ತ್ರಿ! ಅಪ್ಪಂದಿರ ಮುಖ ನಾನು ನೋಡುವುದು ಎಲ್ಲಿ?" ಎಂದು ಮಾಂಯ್ ನಕ್ಕರು. ಅಂದಿನಿಂದ ಅವರು ನಮಗೆ ಮೇಸ್ತ್ರಿ. ಅವರ ಮತ್ತು ನಮ್ಮ ನಡುವಿನ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ನಮ್ಮ ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬಂದವರು ಚೀಲ ಬಿಚ್ಚುತ್ತಾರೆ, ಗೋಡೆಗೆ ಉಳಿ ಹಾಕುತ್ತಾರೆ ಎಂದು ನಾನು ಕಾದೆ. ಅವರು ಚೀಲವನ್ನು ಜಗಲಿಯಲ್ಲಿಟ್ಟು ಸುಮ್ಮನೆ ಕೂತರು. ಮಧ್ಯಾಹ್ನದವರೆಗೂ ಕೂತರು. ಮಾಂಯ್ ಒಳಗೆ ಹೊರಗೆ ಓಡಾಡುವುದನ್ನು ನೋಡಿದರು. ಯಾವ ಕೈಯಲ್ಲಿ ಬಾಗಿಲು ತಳ್ಳುತ್ತಾರೆ, ಹಂಡೆಯಿಂದ ಮೇಜಿಗೆ ಎಷ್ಟು ಹೆಜ್ಜೆ, ಮಂಚದ ಯಾವ ಪಕ್ಕದಲ್ಲಿ ನಿಲ್ಲುತ್ತಾರೆ, ಎಲ್ಲ ನೋಡಿದರು. ಮಾವ್ಶಿ ನನ್ನ ಕಿವಿಯಲ್ಲಿ, "ಇವರಿಗೆ ಕೆಲಸ ಬರ್ತದಾ, ಕೂರಲಿಕ್ಕೆ ಮಾತ್ರವಾ?" ಎಂದರು.

ಊಟವಾದ ಮೇಲೆ ಅವರು ಎದ್ದು ಮಂಚದ ಕೋಣೆಗೆ ಹೋದರು. ಹೋಗಿ, ನಮ್ಮ ಕಣ್ಣೆದುರೇ, ಹೆಂಗಸರು ಹೆರುವ ಆ ಮಂಚದ ಮೇಲೆ ಅಂಗಾತ ಮಲಗಿದರು! ಮಾವ್ಶಿ ಶಿಲುಬೆಯ ಗುರುತು ಹಾಕಿಕೊಂಡರು. ಮೇಸ್ತ್ರಿ ಮಾಡಿನ ತೊಲೆಯನ್ನೇ ದಿಟ್ಟಿಸುತ್ತಾ ಕೇಳಿದರು, "ದೀಪ ಎಲ್ಲಿ ಬೇಕು ಬಾಯಮ್ಮ?"

"ನಡುವಿನಲ್ಲಿ. ಎಲ್ಲರ ಮನೆಯಲ್ಲೂ ಹಾಗೇ ಉಂಟಲ್ಲ?"

"ನಡುವಿನಲ್ಲಿ ಹಾಕಿದರೆ ಬೆಳಕು ಇಲ್ಲಿ ಮಲಗಿದವಳ ಕಣ್ಣಿಗೆ ಹೊಡೀತದೆ. ನೋವಿನಲ್ಲಿರುವವಳಿಗೆ ಅದೊಂದು ಹೆಚ್ಚು. ನೀವು ಬಗ್ಗಿದಾಗ ನಿಮ್ಮದೇ ತಲೆಯ ನೆರಳು ನಿಮ್ಮ ಕೈ ಮೇಲೆ. ಅಂಥ ಲೈಟು ಎಂತಕ್ಕೆ?"

ಮಾಂಯ್ ಮಂಚದ ಕೊನೆಗೆ ಹೋಗಿ ದಿನಾ ನಿಲ್ಲುವಲ್ಲಿ ನಿಂತು ಬಗ್ಗಿದರು. ಮೇಲೆ ನೋಡಿದರು. ಮತ್ತೆ ಬಗ್ಗಿದರು. ಅಷ್ಟು ವರ್ಷ ಅದೇ ಜಾಗದಲ್ಲಿ ನಿಂತು ಕೆಲಸ ಮಾಡಿದವರಿಗೆ ತಮ್ಮ ನೆರಳು ಎಲ್ಲಿ ಬೀಳುತ್ತದೆಂದು ಹೊರಗಿನವರೊಬ್ಬರು ಮಲಗಿ ನೋಡಿ ಹೇಳಿದ್ದರು. "ಹೌದು," ಎಂದರು ಮೆಲ್ಲಗೆ. "ಹಾಗಾದರೆ ಎಂತ ಮಾಡುವುದು?"

"ದೀಪ ನಿಮ್ಮ ಕೈ ಹೋದಲ್ಲಿಗೆ ಬರಬೇಕು. ಬೇಕಾದಾಗ ಕೆಳಗೆ, ಬೇಡದಾಗ ಮೇಲೆ. ಮಾಡ್ತೇನೆ."

ಮೂರು ದಿನ ಕೆಲಸ ನಡೆಯಿತು. ಮುರಕಲ್ಲಿನಲ್ಲಿ ಉಳಿಯಿಂದ ತೂತು ಕೊರೆದು, ಮರದ ಬೆಣೆ ಬಡಿದು, ಅದರ ಮೇಲೆ ಸಾಗುವಾನಿಯ ತೆಳು ಪಟ್ಟಿ ಕೂರಿಸಿ, ಪಟ್ಟಿಯ ಮೇಲೆ ವಾಯರು. ಅವರು ಎಳೆದ ಗೆರೆ ದಾರ ಹಿಡಿದ ಹಾಗೆ ನೇರ. ಕೆಂಪು ಹುಡಿ ಬಿದ್ದಲ್ಲೆಲ್ಲ ತಾವೇ ಗುಡಿಸುತ್ತಿದ್ದರು. ಸ್ವಿಚ್ಚನ್ನು ಅವರು ಹಾಕಿದ್ದು ಬಾಗಿಲಿನ ಬಲಕ್ಕಲ್ಲ, ಎಡಕ್ಕೆ, ನನ್ನ ಭುಜಕ್ಕಿಂತ ಸ್ವಲ್ಪ ಕೆಳಗೆ. ಯಾಕೆಂದು ಕೇಳಿದೆ. "ನಿನ್ನ ತಾಯಿಯ ಬಲಗೈಯಲ್ಲಿ ಯಾವಾಗಲೂ ಎಂತಾದರೂ ಇರ್ತದೆ ಮಗಾ. ನೀನು ನೋಡಲಿಲ್ಲವಾ?" ಎಂದರು. ಹುಟ್ಟಿದಾಗಿನಿಂದ ಆ ಮನೆಯಲ್ಲಿದ್ದವಳು ನಾನು. ನೋಡಿರಲಿಲ್ಲ.

ಮೂರನೆಯ ದಿನ ಮಂಚದ ಕೋಣೆಯ ದೀಪ. ತೊಲೆಗೆ ಬಾವಿಯ ರಾಟೆಯ ಮರಿಯಂಥ ಎರಡು ಪಿಂಗಾಣಿಯ ಗಾಲಿಗಳನ್ನು ಬಿಗಿದರು. ಅವುಗಳ ಮೇಲೆ ಹಾಯ್ದ ವಾಯರಿನ ತುದಿಗೆ ಬಿಳಿ ತಗಡಿನ ಟೊಪ್ಪಿಯ ಒಳಗೆ ಬಲ್ಬು. ಎರಡು ಗಾಲಿಗಳ ನಡುವೆ ಸಡಿಲವಾಗಿ ಜೋತುಬಿಟ್ಟ ವಾಯರಿಗೆ, ದೀಪಕ್ಕೆ ಎದುರು ತೂಕವಾಗಿ, ಇಳಿಬಿಟ್ಟದ್ದು ಒಂದು ಹಳೆಯ ಪೌಡರಿನ ಡಬ್ಬಿ. ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಒಳಗೆ ಬಲೆ ಮುಳುಗಲು ಅಂಚಿಗೆ ಕಟ್ಟುವ ಸೀಸದ ಗುಂಡುಗಳು. ಒಂದೊಂದಾಗಿ ಡಬ್ಬಿಗೆ ಹಾಕಿದರು. ಮೊದಲು ದೀಪ ದೊಪ್ಪನೆ ಕೆಳಗಿಳಿಯುತ್ತಿತ್ತು. ಇನ್ನೂ ನಾಲ್ಕು ಹಾಕಿದಾಗ ತಾನಾಗಿ ಮೇಲೇರಿತು. ಒಂದು ತೆಗೆದರು. ಇನ್ನೊಂದು ಗುಂಡನ್ನು ಚಾಕುವಿನಿಂದ ಅರ್ಧ ಕೊಯ್ದು ಹಾಕಿದರು. ಆಮೇಲೆ ಬೆರಳಿನಿಂದ ದೀಪವನ್ನು ಸೊಂಟದ ಎತ್ತರಕ್ಕೆ ಎಳೆದು ಕೈಬಿಟ್ಟರು.

ದೀಪ ನಿಂತಿತು. ಗಾಳಿಯಲ್ಲಿ, ಯಾರೂ ಹಿಡಿಯದೆ, ಬಿಟ್ಟಲ್ಲೇ ನಿಂತಿತು. ತಲೆಯ ಎತ್ತರಕ್ಕೆ ತಳ್ಳಿದರು, ಅಲ್ಲಿಯೂ ನಿಂತಿತು.

ಮಾಂಯ್ ಮುಂದೆ ಬಂದು ತಾವೇ ಒಮ್ಮೆ ಎಳೆದರು, ಬಿಟ್ಟರು, ಮತ್ತೆ ಎಳೆದರು. ಮಕ್ಕಳಂತೆ ಏಳೆಂಟು ಸಲ ಮಾಡಿದರು. ನನ್ನ ತಾಯಿ ಯಾವುದನ್ನಾದರೂ ಆಟದಂತೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಬಲೆಯೂ ಹೀಗೇ ಅಲ್ವಾ ಬಾಯಮ್ಮ ನೀರಲ್ಲಿ ನಿಲ್ಲುವುದು," ಎಂದರು ಮೇಸ್ತ್ರಿ. ಆಮೇಲೆ ದೀಪದ ಟೊಪ್ಪಿಗೆ ಗೇಣುದ್ದದ ಒಂದು ಒಣ ಮರದ ಹಿಡಿ ಕಟ್ಟಿ ಗಂಭೀರವಾಗಿ ಹೇಳಿದರು, "ಎಳೆಯುವುದಿದ್ದರೆ ಇದನ್ನೇ ಹಿಡಿಯಬೇಕು. ಒದ್ದೆ ಕೈಯಲ್ಲಿ ತಗಡು, ಹಿತ್ತಾಳೆ ಮುಟ್ಟಲೇಬಾರದು. ದೇವರ ಮೇಲೆ ಆಣೆ ಹಾಕಿ ಹೇಳಿ." ಮಾಂಯ್ ಆಣೆ ಹಾಕಿದರು.

ವಿದ್ಯುತ್ ಕಚೇರಿಯವರು ಬಂದು ನೋಡಿ ಕರೆಂಟು ಕೊಟ್ಟದ್ದು ಮೇ ತಿಂಗಳಲ್ಲಿ. ಮೊದಲ ಸಂಜೆ ಮಾಂಯ್ ಎಡಗೈಯಿಂದ ಸ್ವಿಚ್ಚು ಒತ್ತಿದಾಗ ನನಗೆ ಕಂಡದ್ದು ದೀಪವಲ್ಲ, ಕೋಣೆ. ಗೋಡೆಯ ಸುಣ್ಣದ ಬಿರುಕು, ಮಂಚದ ಕಾಲಿನ ತುಕ್ಕು, ಮಾಂಯ್ ಕೈಯ ಮೇಲಿನ ಸುಟ್ಟ ಗುರುತುಗಳು. ಮಾವ್ಶಿ ಮಾತ್ರ ಪಕ್ಕದಲ್ಲಿ ಲಾಟೀನು ಹಚ್ಚಿಯೇ ಇಟ್ಟರು.

ಜೂನಿನಲ್ಲಿ ಮಳೆ ಹಿಡಿಯಿತು. ಒಂದು ವಾರ ಬಿಸಿಲಿನ ಮುಖವಿಲ್ಲ. ಮಾವ್ಶಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡು ಕುರ್ಚಿಯಲ್ಲಿದ್ದರು. ಅಂಥ ಒಂದು ಮಧ್ಯಾಹ್ನ ಬೆಂಗ್ರೆಯಿಂದ ಒಬ್ಬ ಹೆಂಗಸನ್ನು ದೋಣಿಯಲ್ಲಿ ಕರೆತಂದರು. ಚೊಚ್ಚಲು. ಹಿಂದಿನ ದಿನದಿಂದ ನೋವು ತಿಂದು ದಣಿದಿದ್ದಳು. ಜತೆಗೆ ಬಂದ ಅತ್ತೆ ನೆನೆದ ಸೀರೆಯಲ್ಲಿ ಜಗಲಿಯಲ್ಲಿ ಕೂತು ನಡುಗುತ್ತಿದ್ದಳು. ಗಂಟೆ ಮೂರಾಗಿತ್ತೇನೋ, ಮೋಡ ಕವಿದು ಕೋಣೆಯೊಳಗೆ ಕೈ ಕಾಣದಷ್ಟು ಕತ್ತಲೆ.

ಮಾಂಯ್ ಬಾಗಿಲಿಗೆ ಬಂದು ನನ್ನನ್ನು ನೋಡಿದರು. "ಕೈ ತೊಳೆದು ಒಳಗೆ ಬಾ."

"ನಾನಾ?"

"ಬೇರೆ ಯಾರಿದ್ದಾರೆ? ಬಾ. ಹೆದರಿಕೆಯಾದರೆ ಆಮೇಲೆ ಹೆದರು."

ಹೆರಿಗೆ ನಡೆಯುವಾಗ ನಾನು ಆ ಬಾಗಿಲು ದಾಟಿದ್ದು ಅಂದೇ ಮೊದಲು. ಅವಳ ಬೆನ್ನಿಗೆ ಒರಗು ಕೊಟ್ಟು ಮಂಚದ ತಲೆಯ ಕಡೆ ಕೂತೆ. ಅವಳು ನನ್ನ ಮೊಣಕೈ ಹಿಡಿದ ಹಿಡಿತಕ್ಕೆ ಚರ್ಮ ಕಿತ್ತುಬಂತು. ಮಾಂಯ್ ಮಂಚದ ಕೊನೆಯಲ್ಲಿ ಬಗ್ಗಿ ನಿಂತಿದ್ದರು. ದೀಪ ಅವರ ಭುಜದ ಎತ್ತರದಲ್ಲಿ. ಬೆಳಕೆಲ್ಲ ಅವರ ಎರಡು ಕೈಗಳ ಮೇಲೆ. ನಾವಿಬ್ಬರೂ ತಂಪಾದ ನೆರಳಿನಲ್ಲಿ. ಮೇಸ್ತ್ರಿ ಮಲಗಿ ನೋಡಿದ್ದು ಇದನ್ನೇ ಎಂದು ನನಗೆ ಆಗ ಅರ್ಥವಾಯಿತು.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಮಗು ಬಂತು. ಆದರೆ ಶಬ್ದ ಬರಲಿಲ್ಲ. ಮಾಂಯ್ ಅದನ್ನು ತಲೆಕೆಳಗು ಹಿಡಿದು ಬೆನ್ನು ಉಜ್ಜಿದರು. ಕೈಕಾಲು ಒದ್ದೆ ಬಟ್ಟೆಯ ಹಾಗೆ ಜೋತಾಡಿದವು. ಮೈಯೆಲ್ಲ ನೀಲಿ. "ಎಂತ ಆಯ್ತು? ಯಾಕೆ ಕೂಗುವುದಿಲ್ಲ?" ಎಂದು ಹೆತ್ತವಳು ಕೇಳುತ್ತಿದ್ದಳು.

ಮಾಂಯ್ ಮಗುವನ್ನು ಮಂಚದ ಕೊನೆಯಲ್ಲಿ ಮಲಗಿಸಿ, "ದೀಪ ಎಳೆ, ಇಲ್ಲಿಗೆ, ಬಾಯಿಯ ಹತ್ತಿರಕ್ಕೆ!" ಎಂದರು. ನಾನು ಎದ್ದು ಮರದ ಹಿಡಿ ಹಿಡಿದು ಎಳೆದೆ. ದೀಪ ಹಗುರವಾಗಿ ಇಳಿದು ಬಂದು ಮಗುವಿನ ಮುಖದ ಮೇಲೆ ನಿಂತಿತು. ಅಷ್ಟರಲ್ಲಿ ಹೊರಗೆ ಗುಡುಗು. ಬಲ್ಬು ಒಮ್ಮೆ ಮಂಕಾಯಿತು. ಜಗಲಿಯಿಂದ ಮಾವ್ಶಿ ಜಪಮಾಲೆ ಜೋರಾಗಿ ಹೇಳುವುದು ಕೇಳಿಸಿತು. ಬೆಳಕು ಮತ್ತೆ ಗಟ್ಟಿಯಾಯಿತು.

ಮಾಂಯ್ ಕಿರುಬೆರಳಿನಿಂದ ಮಗುವಿನ ಬಾಯಿ ತೆರೆದು ಒಳಗೆ ನೋಡಿದರು. ನಾನೂ ನೋಡಿದೆ. ಗಂಟಲಿನ ಆಳದಲ್ಲಿ ಹಸಿರು ಬಣ್ಣದ, ಅಂಟಿನಂಥ ಒಂದು ಮುದ್ದೆ. ಅವರು ರಬ್ಬರಿನ ಸಣ್ಣ ಕೊಳವೆಯ ಒಂದು ತುದಿಯನ್ನು ನೇರ ಅದಕ್ಕೇ ತಾಗಿಸಿ, ಇನ್ನೊಂದು ತುದಿಯನ್ನು ತಮ್ಮ ಬಾಯಲ್ಲಿಟ್ಟು ಎಳೆದು ಉಗಿದರು. ಮತ್ತೊಮ್ಮೆ ನೋಡಿದರು, ಮತ್ತೊಮ್ಮೆ ಎಳೆದರು. ಆಮೇಲೆ ಬಟ್ಟೆಯಿಂದ ಎದೆ ತಿಕ್ಕಿದರು.

ಮೊದಲು ತುಟಿ ಬಣ್ಣ ಬದಲಾಯಿಸಿತು. ಎದೆ ಒಮ್ಮೆ ಒಳಕ್ಕೆ ಸೇದಿಕೊಂಡಿತು. ಆಮೇಲೆ ಮುರಿದ ಕೊಳಲಿನಂಥ ಒಂದು ಸದ್ದು, ಅದರ ಹಿಂದೆಯೇ ದೊಡ್ಡ ಕೂಗು. ನನ್ನ ಕಣ್ಣೆದುರೇ ನೀಲಿ ಹೋಗಿ ಕೆಂಪು ಬಂತು. ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಗೆ, ಕೊನೆಗೆ ಉಗುರುಗಳವರೆಗೆ. ಬೆಳಗಾಗುವುದನ್ನು ನಾನು ಸಾವಿರ ಸಲ ನೋಡಿದ್ದೇನೆ. ಹಾಗೆ ಎಂದೂ ನೋಡಿಲ್ಲ. ನನ್ನ ತಾಯಿ ಇಷ್ಟು ವರ್ಷ ಮುಚ್ಚಿದ ಬಾಗಿಲಿನ ಹಿಂದೆ ಮಾಡುತ್ತಿದ್ದದ್ದು ಇದನ್ನು. ನಾನು ಹೊರಗೆ ನೀರು ಕಾಯಿಸುತ್ತಾ ಕೂತಿದ್ದೆ.

ಎಲ್ಲ ಮುಗಿದ ಮೇಲೆ ಮಾಂಯ್ ಕೈ ತೊಳೆಯುತ್ತಾ ಹೇಳಿದರು, "ಲಾಟೀನಿನಲ್ಲಿ ಎಲ್ಲವೂ ಹಳದಿ. ಬೆರಳು ಹೇಳಿದ್ದನ್ನು ನಂಬಿ ಮಾಡಬೇಕಿತ್ತು. ಎಷ್ಟೋ ಸಲ ಬೆರಳಿಗೆ ಸಿಕ್ಕಲಿಲ್ಲ." ಮತ್ತೆ ಆ ಮಾತು ಅವರು ಎತ್ತಲಿಲ್ಲ. ಹಾಗೆ ಉಳಿಯದೆ ಹೋದ ಮಕ್ಕಳ ಲೆಕ್ಕ ಅವರೊಳಗೆ ಇತ್ತೆಂದು ಮಾತ್ರ ತಿಳಿಯಿತು.

ಒಂಬತ್ತನೆಯ ದಿನ ಮೇಸ್ತ್ರಿ ಬಂದರು. ಬೆಂಗ್ರೆಯಲ್ಲಿ ಸುದ್ದಿ ಹಬ್ಬಿತ್ತು. ಮಾಂಯ್ ಅವರನ್ನು ಕೋಣೆಗೆ ಕರೆದು ನಡೆದದ್ದನ್ನು ಹೇಳಿದರು. ದೀಪ ಎಲ್ಲಿ ನಿಂತಿತ್ತು, ಏನು ಕಂಡಿತು, ಎಲ್ಲ. ಅವರು ತಲೆ ತಗ್ಗಿಸಿ ಕೇಳಿದರು. ತಮ್ಮದೇ ಕೈಕೆಲಸದ ಎದುರು ಸಂಕೋಚದಿಂದ ನಿಂತಂತೆ ನಿಂತಿದ್ದರು. ಆಮೇಲೆ ಸ್ಟೂಲು ಹತ್ತಿ ಗಾಲಿಯ ಮೇಲಿನ ವಾಯರನ್ನು ಬೆರಳಿನಿಂದ ಇಂಚಿಂಚು ಸವರಿ ನೋಡಿದರು.

"ಎಳೆದು ಬಿಟ್ಟು ಮಾಡಿದರೆ ಇಲ್ಲಿ ಸವೆಯುತ್ತದೆ ಬಾಯಮ್ಮ. ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಾನೇ ಬರ್ತೇನೆ. ಬೇರೆಯವರಿಗೆ ಮುಟ್ಟಲಿಕ್ಕೆ ಕೊಡಬೇಡಿ."

ಬಂದರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ವಾಯರು ಸಿಗದಿದ್ದಾಗ ಎಲ್ಲಿಂದಲೋ ಹುಡುಕಿ ತಂದು ಹಾಕಿದರು. ನಾನು ತರಬೇತಿ ಶಾಲೆ ಮುಗಿಸಲಿಲ್ಲ. ಆ ಮಗು ಹುಟ್ಟಿದ ಮಳೆಗಾಲದ ಕೊನೆಗೆ, ಮಾಂಯ್ ಕಲಿತ ಆಸ್ಪತ್ರೆಯಲ್ಲೇ ಸೂಲಗಿತ್ತಿಯ ಕೆಲಸ ಕಲಿಯಲು ಸೇರಿಕೊಂಡೆ.