ವ್ಯಾಸಪೀಠದ ಮೇಲೆ ಎಲ್ಫ್‌ಗಳು

ಇವತ್ತು ಬೆಳಿಗ್ಗೆ ಕೇಲನ್‌ನ ಕಣ್ಣಿನ ಬಣ್ಣ ಯಾವುದಿತ್ತು ಎಂದು ನೋಡಲು ನನ್ನದೇ ಕಾದಂಬರಿಯನ್ನು ಕಪಾಟಿನಿಂದ ಇಳಿಸಿದೆ. ಬರೆದವಳೇ ಮರೆತರೆ ಓದಿದವರ ಗತಿಯೇನು ಎಂದು ನೀವು ಕೇಳಬಹುದು. ಏನು ಮಾಡಲಿ, ಅದರಲ್ಲಿ ಎಲ್ಫ್‌ಗಳು ಒಬ್ಬಿಬ್ಬರಲ್ಲ, ಒಂದು ಕಾಡಿನ ತುಂಬ ಇದ್ದಾರೆ. ಶಿಕಾರಿಪುರದ ಶಾಲೆಯಲ್ಲಿ ವಿಜ್ಞಾನದ ಪಾಠ ಮಾಡಿಕೊಂಡು ಅಷ್ಟು ಜನರ ಕಣ್ಣು, ಕೂದಲು, ಕತ್ತಿಗಳನ್ನೆಲ್ಲ ನೆನಪಿಟ್ಟುಕೊಳ್ಳುವುದು ನನ್ನ ಕೈಲಾಗುವ ಕೆಲಸವಲ್ಲ. ಕೊನೆಯ ಅಧ್ಯಾಯ ತೆಗೆದೆ. ಹಾಳೆಗಳ ನಡುವಿನಿಂದ ನಾಲ್ಕಾರು ಅಕ್ಷತೆ ಕಾಳು ಮಡಿಲಿಗೆ ಉದುರಿದವು. ಅರಿಶಿನ ಇನ್ನೂ ಮಾಸಿರಲಿಲ್ಲ.

ಎಲ್ಫ್ ಅಂದರೆ ಗೊತ್ತಲ್ಲ? ಚೂಪು ಕಿವಿಯ ಕಾಡಿನ ಜನ. ಸಾವಿರ ವರ್ಷ ಬದುಕಿದರೂ ಮುದುಕರಾಗದವರು. ಬೇರೆ ದೇಶದ ಕಥೆಗಳಲ್ಲಿ ಇದ್ದವರನ್ನು ನಾನು ಕನ್ನಡಕ್ಕೆ ಎಳೆದು ತಂದಿದ್ದೆ. ಬೂದಿ ಸೈನ್ಯವೊಂದು ಅವರ ಕಾಡನ್ನು ಸುಡುತ್ತದೆ. ಮಿರೇಲಾ ಎಂಬ ಹುಡುಗಿ ತಾಯಿಮರದ ಬೀಜವೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಪುಟ್ಟ ತಮ್ಮ ಕೇಲನ್‌ನ ಕೈ ಹಿಡಿದು, ಬೆಟ್ಟಗಳನ್ನು ದಾಟಿ ಹೊರಡುತ್ತಾಳೆ. ಕೊನೆಯ ಬೆಟ್ಟದ ಹಿಮದಲ್ಲಿ ಕೇಲನ್ ಸಾಯುತ್ತಾನೆ. ಅಲ್ಲಿಗೆ ಮೊದಲ ಭಾಗ ಮುಗಿಯಿತು. ಆ ಸಾಲು ಬರೆದ ದಿನ ನಾನೇ ಅತ್ತು, ಮೂಗು ಒರೆಸಿಕೊಂಡು, ನನ್ನಷ್ಟು ದೊಡ್ಡ ಲೇಖಕಿ ಈ ತಾಲ್ಲೂಕಿನಲ್ಲಿ ಇಲ್ಲ ಎಂದುಕೊಂಡಿದ್ದೆ.

ಓದುಗರು ಹಾಗೆ ಅಂದುಕೊಳ್ಳಲಿಲ್ಲ. ನಮ್ಮ ಮನೆಯವರು ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ, "ಒಳ್ಳೆ ದಪ್ಪ ಬಂದೈತಿ ಬಿಡು" ಎಂದರು. ಅವರ ಅಭಿಪ್ರಾಯ ಅಲ್ಲಿಗೆ ನಿಂತಿತು. ಸ್ಟಾಫ್ ರೂಮಿನಲ್ಲಿ ಹಿರಿಯ ಮೇಷ್ಟ್ರೊಬ್ಬರು, "ಮೇಡಂ, ಇದು ಹುಡುಗರಿಗೇನ್ರೀ, ದೊಡ್ಡೋರಿಗೇನ್ರೀ?" ಎಂದು ಕೇಳಿದರು. ಇಬ್ಬರಿಗೂ ಎಂದೆ. ಹಾಗಾದರೆ ಇಬ್ಬರೂ ಓದುವುದಿಲ್ಲ ಎನ್ನುವ ಹಾಗೆ ತಲೆಯಾಡಿಸಿದರು. ಇಂಟರ್‌ನೆಟ್ಟಿನಲ್ಲಿ ಬಂದ ಅಭಿಪ್ರಾಯಗಳನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. "ಕನ್ನಡಕ್ಕೆ ಎಲ್ಫ್ ಏಕೆ ಬೇಕಿತ್ತು?" ಎಂದು ಒಬ್ಬರು. "ಅಂತ್ಯವೇ ಇಲ್ಲ, ಕಾಸು ದಂಡ" ಎಂದು ಇನ್ನೊಬ್ಬರು. ಮೂರನೆಯವರು ಒಂದೇ ಒಂದು ನಕ್ಷತ್ರ ಕೊಟ್ಟು ಮಾತೇ ಆಡದೆ ಹೋಗಿದ್ದರು. ಆ ಮೌನ ನನ್ನನ್ನು ವಾರಗಟ್ಟಲೆ ತಿಂದಿತು. ಎರಡನೇ ಭಾಗ ಬರೆಯುವುದಿಲ್ಲ ಎಂದು ತೀರ್ಮಾನಿಸಿ, ಉಪ್ಪಿನಕಾಯಿ ಹಾಕಲು ಶುರುಮಾಡಿದೆ. ಅದಕ್ಕೆ ಮಾತ್ರ ಒಳ್ಳೆಯ ಅಭಿಪ್ರಾಯಗಳು ಬಂದವು.

ಈಗ ನಮ್ಮ ಕಮಲತ್ತೆಯ ವಿಷಯಕ್ಕೆ ಬರಬೇಕು. ಅಪ್ಪನ ತಂಗಿ, ಸೊರಬದಲ್ಲಿದ್ದಾರೆ. ಮಧ್ಯಾಹ್ನದ ಊಟವಾಗಿ ಪಾತ್ರೆ ಬೋರಲು ಹಾಕಿದ ಮೇಲೆ ಅವರ ಜಗಲಿಯಲ್ಲಿ ಅಕ್ಕಪಕ್ಕದ ಹೆಂಗಸರು ಸೇರುತ್ತಾರೆ, ಅತ್ತೆ ಗಟ್ಟಿಯಾಗಿ ಪುಸ್ತಕ ಓದುತ್ತಾರೆ. ಭಾರತ ಆಯಿತು, ರಾಮಾಯಣ ಆಯಿತು, ಪುರಾಣಗಳಾದವು. ಓದುವುದಕ್ಕೆ ಮತ್ತೇನೂ ಇಲ್ಲದಾಗ ಅಣ್ಣನ ಮಗಳ ಎಲ್ಫ್‌ಗಳು ಸಿಕ್ಕರು. ಅತ್ತೆ ಭೇದ ಮಾಡುವವರಲ್ಲ. ಪುರಾಣಕ್ಕೆ ಹೇಗೋ ಇದಕ್ಕೂ ಹಾಗೆಯೇ: ಮರದ ವ್ಯಾಸಪೀಠದ ಮೇಲೆ ಪುಸ್ತಕ ಬಿಚ್ಚಿಟ್ಟು, ಮೇಲೆರಡು ಕಾಳು ಅಕ್ಷತೆ ಹಾಕಿ, ಕೈ ಮುಗಿದು ಶುರು ಮಾಡಿದರು. ದಿನದ ಓದು ಮುಗಿದ ಮೇಲೆ ಕೇಳಿದವರ ಮಾತನ್ನೆಲ್ಲ ಫೋನಿನಲ್ಲಿ ನನಗೆ ಒಪ್ಪಿಸುತ್ತಿದ್ದರು. ಸಾವಿರ ವರ್ಷ ಬದುಕುವವರು ಒಬ್ಬರೂ ಒಲೆ ಹಚ್ಚಿದ್ದಿಲ್ಲವಲ್ಲ, ಏನು ತಿನ್ನುತ್ತಾರಂತೆ? ಅಷ್ಟುದ್ದ ಕಿವಿ ಇಟ್ಟುಕೊಂಡೂ ಆ ಎಲ್ಫ್‌ಗಳ ರಾಜ ಹೆಂಡತಿಯ ಮಾತು ಕೇಳುವುದಿಲ್ಲವಲ್ಲ? ಕನ್ನಡಕ್ಕೆ ಎಲ್ಫ್ ಏಕೆ ಎಂದು ಮಾತ್ರ ಅಲ್ಲಿ ಯಾರೂ ಕೇಳಲಿಲ್ಲ. ಎದುರು ಮನೆಯ ಗಂಗಮ್ಮ ಮೊದಲ ದಿನವೇ, "ನಮ್ ಕಾನು-ಕಾಡ್ನಾಗೂ ಅದಾರಲ್ಲ ಅಂಥೋರು. ಕಣ್ಣಿಗೆ ಕಾಣಲ್ಲ, ಅಷ್ಟೇಯ" ಎಂದು ಎಲ್ಫ್‌ಗಳನ್ನು ಊರಿಗೆ ಸೇರಿಸಿಕೊಂಡುಬಿಟ್ಟಿದ್ದರು.

ಒಂದು ದಿನ ಅತ್ತೆಯ ಫೋನು ಬೇರೆ ಧ್ವನಿಯಲ್ಲಿ ಬಂತು.

"ಏ ಕೂಸೆ, ಭಾನುವಾರ ಬಂದ್ಬಿಡು. ಪುಸ್ತಕ ಮುಚ್ಚಕ್ಕಾಗ್ತಿಲ್ಲ."

ಅರ್ಥವಾಗಲಿಲ್ಲ. ಬೈಂಡಿಂಗ್ ಕಿತ್ತುಹೋಯಿತೇ ಎಂದು ಕೇಳಿದೆ.

"ಬೈಂಡಿಂಗ್ ಅಲ್ಲ ಮಾರಾಯ್ತಿ. ಆ ಹುಡುಗನ್ನ ಸಾಯ್ಸಿ ಕೂತಿದೀಯಲ್ಲ. ಸಾವಿನ ಪುಟಕ್ಕೆ ಪುಸ್ತಕ ಮುಚ್ಚಿ ಏಳಂಗಿಲ್ಲ. ಮುಂದೆ ಓದನಾ ಅಂದ್ರೆ ಹಾಳೆನೇ ಇಲ್ಲ!"

ಇದು ಅತ್ತೆಯ ಜಗಲಿಯ ಹಳೆಯ ಕಟ್ಟಳೆ. ಓದುವಾಗ ಯಾರಾದರೂ ಸತ್ತರೆ ಅಲ್ಲಿಗೆ ನಿಲ್ಲಿಸುವಂತಿಲ್ಲ. ಒಂದು ಹುಟ್ಟೋ ಮದುವೆಯೋ ಪಟ್ಟಾಭಿಷೇಕವೋ, ಕೊನೆಗೆ ಯಾರಾದರೂ ಉಂಡು ತೃಪ್ತರಾದ ಒಂದು ಮಾತೋ ಬರುವ ತನಕ ಓದಿಯೇ ಮುಚ್ಚಬೇಕು. ಭಾರತದಲ್ಲಿ ಎಂಥ ಸಾವಾದರೂ ಮುಂದೆ ಹಾಳೆಗಳಿರುತ್ತವೆ. ನನ್ನ ಪುಸ್ತಕದಲ್ಲಿ ಕೇಲನ್‌ನ ಆಚೆಗೆ ಇದ್ದದ್ದು ಪ್ರಕಾಶಕರ ಜಾಹೀರಾತು.

ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಕೇಳುಗರಲ್ಲಿ ರತ್ನ ಇದ್ದಳು. ಗಂಗಮ್ಮನ ಸೊಸೆ, ಅಡಿಕೆ ಮಂಡಿಯೊಂದರಲ್ಲಿ ಕಂಪ್ಯೂಟರ್ ಕೆಲಸ. ಹಿಂದಿನ ವರ್ಷ ಗರ್ಭ ನಿಲ್ಲದೆ ಒಂದು ಕೂಸನ್ನು ಕಳೆದುಕೊಂಡಿದ್ದಳು. ಈಗ ಮತ್ತೆ ಬಸುರಿ. ಡಾಕ್ಟರು ಓಡಾಡಬೇಡ ಎಂದಿದ್ದರಿಂದ ರಜೆ ಹಾಕಿ ಮನೆಯಲ್ಲಿದ್ದಳು. ರಸ್ತೆ ದಾಟಿ ಅತ್ತೆಯ ಜಗಲಿಗೆ ಬರುವುದೊಂದೇ ಅವಳ ತಿರುಗಾಟ. ಸೋಮವಾರ ಅವಳನ್ನು ಹೆರಿಗೆಗೆಂದು ಕುಬಟೂರಿನ ತವರಿಗೆ ಕರೆದೊಯ್ಯುವವರಿದ್ದರು. ಸತ್ತ ಮಗುವಿನ ಮಾತು ಕೇಳಿ ಹಾಗೇ ಎದ್ದು ಹೋದರೆ ಹೇಗೆ ಎಂದು ಗಂಗಮ್ಮ ಕಂಗಾಲಾಗಿದ್ದರು. ಇದನ್ನೆಲ್ಲ ಅತ್ತೆ ಫೋನಿನಲ್ಲೇ ಹೇಳಿದರು. ನನಗೆ ಶಕುನಗಳಲ್ಲಿ ನಂಬಿಕೆ ಇಲ್ಲ. ಆದರೆ ರತ್ನಳ ಭಯದಲ್ಲಿ ನಂಬಿಕೆ ಇತ್ತು.

ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕೇಲನ್‌ನನ್ನು ಬದುಕಿಸುವ ಉಪಾಯ ಹುಡುಕಿದೆ. ಅವನು ಸತ್ತಿರಲಿಲ್ಲ, ಮೂರ್ಛೆ ಹೋಗಿದ್ದ ಎನ್ನೋಣವೇ? ಬೀಜದ ಮಹಿಮೆ ಎನ್ನೋಣವೇ? ಸೊರಬದ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಹುಡುಗ ಪೂರ್ತಿ ಗುಣವಾಗಿ ಓಡಾಡುತ್ತಿದ್ದ.

ಜಗಲಿಯಲ್ಲಿ ಎಲ್ಲರೂ ಕೂತಿದ್ದರು. ಪುಸ್ತಕ ವ್ಯಾಸಪೀಠದ ಮೇಲೆ ತೆರೆದೇ ಇತ್ತು. ಧೂಳು ಬೀಳದಿರಲೆಂದು ಅತ್ತೆ ಅದಕ್ಕೆ ತೆಳ್ಳನೆಯ ಪಂಚೆ ಹೊದಿಸಿದ್ದರು, ಮಲಗಿದ ಮಗುವಿಗೆ ಹೊದಿಸಿದ ಹಾಗೆ. ನಾನು ಕೂರುವ ಮೊದಲೇ ಗಂಗಮ್ಮ ಶುರುಮಾಡಿದರು.

"ನೋಡವ್ವ, ನೀನೇ ಬರ್ದಾಕಿ. ಸಂಜೀವಿನಿನೋ ಗಿಂಜೀವಿನಿನೋ ತರ್ಸು, ಹುಡುಗನ್ನ ಎಬ್ಸಿಬಿಡು. ನಿಂಗೇನ್ ಗಂಟು ಹೋಗ್ತತಿ?"

ನಾನು ಬಾಯಿ ತೆರೆದೆ. ಗೋಡೆಗೆ ಒರಗಿ ಕೂತಿದ್ದ ರತ್ನ ನನಗಿಂತ ಮೊದಲು ಮಾತಾಡಿದಳು.

"ಬ್ಯಾಡ ಅಕ್ಕ. ಎಬ್ಬಿಸ್ಬೇಡಿ. ಹೋದೋರು ಬರಲ್ಲ, ನಂಗೊತ್ತು." ಕೈ ಹೊಟ್ಟೆಯ ಮೇಲಿತ್ತು. "ಮಿರೇಲಾದು ಹೇಳಿ. ಅವ್ಳು ಆಮೇಲೆ ಎದ್ಲಾ?"

ನನ್ನ ಬಸ್ಸಿನ ಉಪಾಯಗಳೆಲ್ಲ ಗಂಟಲಲ್ಲೇ ಉಳಿದವು. ಇಷ್ಟು ಜನ ನನ್ನ ಕಾದಂಬರಿಯನ್ನು ಹೊಗಳಿ ತೆಗಳಿ ಮುಗಿಸಿದ್ದರು. ಅದರೊಳಗಿನ ಹುಡುಗಿಗೆ ಮುಂದೇನಾಯಿತು ಎಂದು ಕೇಳಿದ್ದು ಇವಳೊಬ್ಬಳೇ. ನಾಚಿಕೆಯ ವಿಷಯವೆಂದರೆ, ಅದು ನನಗೂ ಗೊತ್ತಿರಲಿಲ್ಲ.

ಹೇಳುತ್ತಾ ಹೋದೆ. ಮಿರೇಲಾ ತಮ್ಮನ ಪಕ್ಕದಲ್ಲೇ ಹಿಮದಲ್ಲಿ ಕೂತಳು. ಬೆಳಗಾಯಿತು, ಏಳಲಿಲ್ಲ. ಹಿಂದೆ ಬಂದ ಎಲ್ಫ್‌ಗಳು ಎಬ್ಬಿಸಿದರು, ಏಳಲಿಲ್ಲ. ಸೈನ್ಯ ಬರುತ್ತಿದೆ ಎಂದರು, ಬೀಜ ನೆನಪಿಸಿದರು. ಇನ್ನೇನು ಹೇಳಿ ಎಬ್ಬಿಸಬೇಕೆಂದು ತಿಳಿಯದೆ ನಾನೂ ಹಿಮದಲ್ಲಿ ಸಿಕ್ಕಿಬಿದ್ದೆ.

"ಥೋ, ಬರೇ ಮಾತಾಡಿದ್ರೆ ಎದ್ದಾಳಾ?" ಎಂದು ಗಂಗಮ್ಮ ರೇಗಿದರು. "ಮೊದ್ಲು ಒಂದೀಟು ಬಿಸಿ ಗಂಜಿ ಕಾಸಿ ಕೊಡ್ರೇ ಅವ್ಳಿಗೆ!"

ಹೀಗೆ ನನ್ನ ಕಾದಂಬರಿಯಲ್ಲಿ ಮೊದಲ ಒಲೆ ಹತ್ತಿತು. ಮುದುಕಿಯೊಬ್ಬಳು ಮೂರು ಕಲ್ಲಿಟ್ಟಳು. ಎಲ್ಫ್‌ಗಳಲ್ಲಿ ಮುದುಕಿಯರಿರುವುದಿಲ್ಲ ಎಂಬ ನಿಯಮವನ್ನು ಅವತ್ತು ನಾನೇ ಮುರಿದೆ. ಗಂಜಿಗೆ ಉಪ್ಪು ಹಾಕಿಸಿದ್ದು ಅತ್ತೆ. ಮಿರೇಲಾ ಒಂದು ಗುಟುಕು ಕುಡಿದಳು, ಆಮೇಲೆ ಅತ್ತಳು, ಆಮೇಲೆ ಉಳಿದದ್ದನ್ನು ಕುಡಿದಳು. ತಮ್ಮನ ಮೇಲೆ ಹಿಮ ಮುಚ್ಚಿದಳು. ಸೆರಗಿನ ಗಂಟನ್ನು ಬಿಗಿಮಾಡಿಕೊಂಡಳು.

"ಎದ್ದಳು" ಎಂದೆ.

ರತ್ನ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಅತ್ತೆ ಪಂಚೆ ಸರಿಸಿ, ಕೊನೆಯ ಪುಟದ ಮೇಲೆ ಅಕ್ಷತೆ ಹಾಕಿ, ಪುಸ್ತಕ ಮುಚ್ಚಿ, ಮಂಗಳ ಹಾಡಿದರು. ಎಲ್ಲರಿಗೂ ಪಾನಕ ಬಂತು. ಹೊರಡುವಾಗ ಆ ಪ್ರತಿಯನ್ನು ನನ್ನ ಕೈಗಿಟ್ಟು, "ಮುಂದಿನದ್ರ ಜತೆಗೇ ತಗಂಡ್ ಬಾ" ಎಂದರು. ರಾತ್ರಿ ಮನೆಗೆ ಬಂದವಳು ಕೈಕಾಲು ತೊಳೆದು ಎರಡನೇ ಭಾಗ ಬರೆಯಲು ಕೂತೆ.

ಇದಾಗಿ ಎರಡು ತಿಂಗಳಾಗುತ್ತ ಬಂತು. ಪುಸ್ತಕ ಅರ್ಧ ದಾಟಿದೆ. ಆದರೆ ಸೊರಬಕ್ಕೆ ಫೋನು ಮಾಡಿದಾಗಲೆಲ್ಲ ಮಳೆ, ಬೆಳೆ, ಅತ್ತೆಯ ಮಂಡಿನೋವು ವಿಚಾರಿಸಿ ಇಟ್ಟುಬಿಡುತ್ತೇನೆ. ರತ್ನಳ ಸುದ್ದಿ ಕೇಳುವ ಧೈರ್ಯ ಬರುವುದಿಲ್ಲ. ಅತ್ತೆಯೂ ತಾವಾಗಿ ಹೇಳುವುದಿಲ್ಲ. ದಿನ ತುಂಬಿವೆ ಎಂದು ಮಾತ್ರ ಗೊತ್ತು. ಈ ಪ್ರಬಂಧವನ್ನು ಇಲ್ಲಿಗೆ ಹೇಗೆ ಮುಗಿಸುವುದು ಎಂದು ಪೆನ್ನು ಕಚ್ಚಿಕೊಂಡು ಕೂತಿದ್ದಾಗ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಎತ್ತಲೋ ಬೇಡವೋ ಎಂದುಕೊಂಡೇ ಎತ್ತಿದೆ.

"ಅಕ್ಕ, ನಾನು ರತ್ನ. ಅಮ್ಮನ ಫೋನಿಂದ ಮಾಡ್ತಿದೀನಿ."

ಸಣ್ಣಗಿನ, ಬಳಲಿದ ಧ್ವನಿ. ಅಷ್ಟರಲ್ಲಿ ಆ ಕಡೆಯಿಂದ ಒಂದು ಅಳು ಕೇಳಿಸಿತು. ಸಿಟ್ಟಿನ, ಗಟ್ಟಿ ಅಳು. ಬದುಕುವುದಕ್ಕೇ ಬಂದಿದ್ದೇನೆ ಎನ್ನುವಂಥದ್ದು.

"ಮೊನ್ನೆ ಹುಟ್ಟಿದ್ಲು, ಅಕ್ಕ. ಹುಷಾರಾಗಿದಾಳೆ. ಎರಡನೇ ಭಾಗ ಬ್ಯಾಗ ಮುಗ್ಸಿ. ಇವ್ಳು ರಾತ್ರಿ ಮಲಗೋದೇ ಇಲ್ಲ, ನಂಗೆ ಓದಕ್ಕೆ ಬೇಕಾದಷ್ಟು ಟೈಮ್ ಐತೆ."

"ಮುಗಿಸ್ತೀನಿ ಕಣೇ" ಎಂದೆ, ಅಳುತ್ತಲೇ.