ಕೊಡೆ ಹಿಡಿದ ಜಂಟಲ್‌ಮನ್

ಕಳೆದ ಭಾನುವಾರ ಬೆಳಿಗ್ಗೆ ನೀರುದೋಸೆ ತಿಂದು ಕೈ ತೊಳೆದು ಬರುವಷ್ಟರಲ್ಲಿ, ನಾನು ನನ್ನ ಸ್ವಂತ ಅಣ್ಣನನ್ನೇ ಮದುವೆಯಾಗಿ ಅರ್ಧ ಶತಮಾನ ಸಂಸಾರ ಮಾಡಿದವಳು ಎಂಬ ಸಂಗತಿ ಗೊತ್ತಾಯಿತು. ಹೇಳಿದ್ದು ಕಂಪ್ಯೂಟರ್. ಮೊಮ್ಮಗಳು ಶ್ರಾವ್ಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ನಮ್ಮ ಫ್ಯಾಮಿಲಿ ಟ್ರೀ ಬೆಳೆಸುತ್ತಿದ್ದಳು. ನನ್ನ ಹೆಸರಿಗೂ ತೀರಿಹೋದ ನನ್ನ ಗಂಡನ ಹೆಸರಿಗೂ ನಡುವೆ ಒಂದು ಕೆಂಪು ಗೆರೆ ಬಂದು ಮಿಣುಕತೊಡಗಿತು.

"ಅಜ್ಜೀ, ಇದು ನಿಮ್ಮಿಬ್ಬರನ್ನು ಸಿಬ್ಲಿಂಗ್ಸ್ ಅಂತ ಹೇಳ್ತಾ ಉಂಟು."

"ಅದಕ್ಕೆ ಹಾಗಂತ ಹೇಳಿಕೊಟ್ಟವರು ಯಾರು?"

"ನಿಮ್ಮ ಕಾನ್ವೆಂಟ್."

ಆಗ ಸಿಟ್ಟಿಗಿಂತ ಮೊದಲು ನಗು ಬಂತು. ನಗುತ್ತಾ ನಗುತ್ತಾ ನೆತ್ತಿಗೆ ಹತ್ತಿ, ಸೊಸೆ ಬಂದು ಬೆನ್ನು ತಟ್ಟಬೇಕಾಯಿತು. ಸಂಗತಿ ಏನೆಂದು ನಿಮಗೆ ಹೇಳಬೇಕಾದರೆ ನಾನು ನಿಮ್ಮನ್ನು ಮಣ್ಣಗುಡ್ಡದ ಒಂದು ಹಳೆಯ ಮನೆಗೆ, ಮೂವತ್ತರ ದಶಕದ ಕೊನೆಗೆ ಕರೆದುಕೊಂಡು ಹೋಗಬೇಕು. ಆ ಮನೆ ಈಗಿಲ್ಲ. ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ಅದರ ಲಿಫ್ಟು ನಮ್ಮ ಬಾವಿ ಇದ್ದ ಜಾಗದಲ್ಲೇ ಮೇಲೆ ಕೆಳಗೆ ಆಡುತ್ತದೆ ಎಂದು ನನ್ನ ಲೆಕ್ಕ. ಕೊಡಪಾನ ಇಳಿಯುತ್ತಿದ್ದಲ್ಲಿ ಈಗ ಜನ ಇಳಿಯುತ್ತಾರೆ.

ನಮ್ಮದು ಅಳಿಯಕಟ್ಟಿನ ಮನೆ. ಅಂದರೆ ಮನೆ ಹೆಂಗಸರದು. ಅಜ್ಜಿ, ಅಜ್ಜಿಯ ಹೆಣ್ಣುಮಕ್ಕಳು, ಅವರ ಮಕ್ಕಳು, ಇಷ್ಟು ಜನ ಒಂದು ಕುಟುಂಬ. ಯಜಮಾನಿಕೆ ಅಜ್ಜಿಯ ಮಗ ತ್ಯಾಂಪಣ್ಣ ಮಾವನದು. ಗಂಡಂದಿರು ಅವರವರ ತಾಯಿಮನೆಯಲ್ಲಿ ಇರುವವರು. ಅವರು ಬರುತ್ತಾರೆ, ಹೋಗುತ್ತಾರೆ. ನನ್ನ ಅಪ್ಪ ದೂಮಣ್ಣ ರೈಗಳು ಹೊಳೆಯಾಚೆ, ಉಳ್ಳಾಲದ ಕಡೆಯವರು. ವಾರವಿಡೀ ತಮ್ಮ ಅಕ್ಕನ ಗದ್ದೆ ನೋಡಿಕೊಂಡು, ಶನಿವಾರ ಸಂಜೆ ದೋಣಿ ದಾಟಿ, ಕಂಕುಳಲ್ಲಿ ಕಪ್ಪು ಕೊಡೆ ಇಟ್ಟುಕೊಂಡು ಬರುತ್ತಿದ್ದರು. ಗೇಟಿನ ಹತ್ತಿರ ಒಮ್ಮೆ ಕೆಮ್ಮುವುದು ಅವರ ಕ್ರಮ. ಕೆಮ್ಮು ಕೇಳಿದ ಕೂಡಲೇ ಅಜ್ಜಿ ಒಳಗಿನಿಂದ, "ರೈಗಳು ಬಂದ್ರು, ಬೆಲ್ಲ ನೀರು ತನ್ನಿ" ಎನ್ನುವರು. ಚಾವಡಿಯ ಬೆಂಚಿನ ಮೇಲೆ ಕುಳಿತು, ಒಂದು ತುಂಡು ಬೆಲ್ಲ ಬಾಯಿಗೆ ಹಾಕಿ, ಒಂದು ತಂಬಿಗೆ ನೀರು ಕುಡಿದು, "ಸಾಕು, ಸಾಕು" ಎಂದು ಅಪ್ಪ ಸಂಕೋಚದಿಂದ ಹೇಳುವರು. ನೆಂಟರಿಗೆ ಕೊಡುವ ಮರ್ಯಾದೆ ಅದು. ನನ್ನ ಅಪ್ಪ ನನ್ನ ಮನೆಯಲ್ಲಿ ಪ್ರತಿ ಶನಿವಾರ ಹೊಸದಾಗಿ ನೆಂಟರಾಗುತ್ತಿದ್ದರು.

ಇದರಲ್ಲಿ ದುಃಖ ಹುಡುಕಬೇಡಿ. ಅಪ್ಪ ಗೇಟಿನೊಳಗೆ ಬರುವ ಹೊತ್ತಿಗೇ ತ್ಯಾಂಪಣ್ಣ ಮಾವ, ಅವರೂ ಕಂಕುಳಲ್ಲಿ ಕೊಡೆ ಇಟ್ಟುಕೊಂಡು, ಉರ್ವದಲ್ಲಿದ್ದ ತಮ್ಮ ಹೆಂಡತಿಯ ಮನೆಗೆ ಹೊರಡುವರು. ಎರಡು ಕೊಡೆಗಳು ಗೇಟಿನಲ್ಲಿ ಎದುರಾಗುತ್ತಿದ್ದವು.

"ಬಂದಿರಾ ಬಾವ?"

"ಹೊರಟಿರಾ ಬಾವ?"

ಅಷ್ಟೇ ಮಾತು. ಉರ್ವದಲ್ಲಿ ಮಾವನಿಗೂ ಬೆಲ್ಲ ನೀರು ಕಾದಿರುತ್ತಿತ್ತು. ಶನಿವಾರ ಸಂಜೆ ನಮ್ಮ ಪೈಕಿಯ ಗಂಡಸರೆಲ್ಲ ಹೀಗೆ ಇನ್ನೊಬ್ಬರ ಮನೆಗೆ ನೆಂಟರಾಗಿ ನಡೆಯುತ್ತಿದ್ದರು ಎಂದು ಹೇಳಿದರೆ ಶ್ರಾವ್ಯ, "ವಾವ್ ಅಜ್ಜೀ, ವೀಕೆಂಡ್ ಹಸ್ಬೆಂಡ್ಸ್!" ಎಂದು ನಗುತ್ತಾಳೆ. ನಗಲಿ.

ನನಗೆ ಆರು ವರ್ಷವಾದಾಗ ಮಾವ ನನ್ನನ್ನು ಕಾನ್ವೆಂಟಿಗೆ ಸೇರಿಸಲು ಕರೆದುಕೊಂಡು ಹೋದರು. ಹುಡುಗಿಯರಿಗೆ ಇಂಗ್ಲಿಷ್ ಬೇಕು ಎಂದು ಅವರಿಗೆ ಯಾರೋ ತಲೆಗೆ ತುಂಬಿದ್ದರು. ಯುರೋಪಿನ ಯಾವುದೋ ಚಳಿಯ ಊರಿನಿಂದ ಬಂದು ಇಲ್ಲಿ ಬೆವರುತ್ತಿದ್ದ ಒಬ್ಬರು ಮದರ್ ರಿಜಿಸ್ಟರ್ ಬಿಡಿಸಿ ಕುಳಿತಿದ್ದರು. ಅವರ ಕನ್ನಡ ಪುಸ್ತಕದ್ದು, ಮಾವನ ಕನ್ನಡ ಕಚೇರಿಯದ್ದು.

"ಈ ಬಾಲಿಕೆಯ ತಂದೆಯ ಹೆಸರು?"

"ತ್ಯಾಂಪಣ್ಣ ಶೆಟ್ಟಿ ಅಂತ ಬರೀರಿ."

"ತಾವೇ ತಂದೆಯೋ?"

"ಯಜಮಾನ ನಾನು. ಮಗುವಿಗೆ ಜ್ವರ ಬಂದ್ರೆ ಕರೀಲಿಕ್ಕೆ ನೀವು ಹೊಳೆ ದಾಟಿ ಹೋಗ್ತೀರಾ? ನನ್ನನ್ನೇ ಕರೆಯುವುದಲ್ವಾ? ಮತ್ತೆಂತ?"

ಮದರ್ ತೃಪ್ತಿಯಿಂದ ಬರೆದುಕೊಂಡರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಾತಿಗೆ ಮಾತು ಸೇರಿಸಲು, "ತಮಗೆ ಒಬ್ಬಳೇ ಮಗಳೋ?" ಎಂದು ಕೇಳಿದರು.

"ನನಗೆ ಮಕ್ಕಳು ನಾಲ್ಕು ಉಂಟು. ಅವರು ಉರ್ವದಲ್ಲಿ, ಅವರ ತಾಯಿಯ ಜೊತೆಗೆ."

"ಹಾಗಾದರೆ ಈ ಬಾಲಿಕೆಯ ತಾಯಿ?"

"ಅವಳು ಮಣ್ಣಗುಡ್ಡದಲ್ಲಿ, ನನ್ನ ಜೊತೆಗೆ."

ಮದರ್ ಪೆನ್ನು ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡರು. ಮಾವ ಅದು ಕಾನ್ವೆಂಟಿನವರ ನಮಸ್ಕಾರ ಎಂದು ತಿಳಿದು ಎರಡೂ ಕೈ ಜೋಡಿಸಿದರು.

ಅದಾದ ಮೇಲೆ ಮದರ್‌ಗೆ ನನ್ನ ಮೇಲೆ ವಿಶೇಷ ಕರುಣೆ. ಉಳಿದ ಹುಡುಗಿಯರಿಗೆ ಒಂದು ಪೆಪ್ಪರ್‌ಮಿಂಟ್ ಸಿಕ್ಕರೆ ನನಗೆ ಎರಡು. "ಚೈಲ್ಡ್, ಪ್ರೇ ಫಾರ್ ಯುವರ್ ಫಾದರ್" ಎನ್ನುವರು. ನಾನು ಕಣ್ಣು ಮುಚ್ಚಿ, ಶನಿವಾರ ಅಪ್ಪನಿಗೆ ದೋಣಿ ತಪ್ಪದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಮುಂದೆ ನನ್ನ ಮದುವೆ ತ್ಯಾಂಪಣ್ಣ ಮಾವನ ಹಿರಿಯ ಮಗನ ಜೊತೆಗೇ ಆಯಿತು. ನಮ್ಮಲ್ಲಿ ಸೋದರಮಾವನ ಮಗ ಎಂದರೆ ಮೊದಲ ಹಕ್ಕಿನವ. ಆಗ ತುಂಬ ಮುದುಕಿಯಾಗಿದ್ದ ಮದರ್ ಪ್ರೀತಿಯಿಂದ ಮದುವೆಗೆ ಬಂದರು. ಮಂಟಪದಲ್ಲಿ ಹೆಣ್ಣಿನ ಕಡೆಯ ಯಜಮಾನನೂ ಗಂಡಿನ ತಂದೆಯೂ ಒಬ್ಬರೇ ಎಂದು ಪಕ್ಕದವರಿಂದ ತಿಳಿದು, ಪಾಯಸ ಬಡಿಸುವ ಮೊದಲೇ ಎದ್ದು ಹೋದರಂತೆ. ಬಿಸಿಲಿಗೆ ತಲೆ ತಿರುಗಿರಬೇಕು ಎಂದು ನಾವೆಲ್ಲ ಮರುಗಿದೆವು. ಅವರು ಯಾಕೆ ಎದ್ದು ಹೋದರು ಎಂದು ನನಗೆ ಹೊಳೆದದ್ದು ಈ ಭಾನುವಾರ, ಆ ಕೆಂಪು ಗೆರೆಯ ಮುಂದೆ.

ಈಗ ಶ್ರಾವ್ಯಳ ಕಡೆಗೆ ಬರುತ್ತೇನೆ. ಅವಳು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾಳೆ. ಇತಿಹಾಸ ಓದುವವರಿಗೆ ಬದುಕಿದ್ದವರ ಮಾತಿನ ಮೇಲೆ ನಂಬಿಕೆ ಕಡಿಮೆ, ಜಿರಳೆ ತಿಂದ ಕಾಗದದ ಮೇಲೆ ಅಪಾರ ಭಕ್ತಿ. ಮುಂದಿನ ತಿಂಗಳು ನಮ್ಮ ಕುಟುಂಬದವರೆಲ್ಲ ಸೇರುವುದುಂಟು. ಅಲ್ಲಿ ಈ ಟ್ರೀಯನ್ನು ಫ್ಲೆಕ್ಸ್ ಮಾಡಿಸಿ, ಎಲೆಕ್ಷನ್ನಿಗೆ ನಿಂತವರ ಹಾಗೆ ನಮ್ಮೆಲ್ಲರನ್ನೂ ನೇತು ಹಾಕುವುದೆಂದು ತೀರ್ಮಾನವಾಗಿದೆ. ಅವಳು ಹಾಕಿದ ನಿಯಮ ಒಂದೇ. ಪ್ರತಿ ಹೆಸರಿಗೂ ಸೋರ್ಸ್ ಬೇಕು. ನನ್ನ ಹೆಸರಿಗೆ ಅವಳಿಗೆ ಸಿಕ್ಕಿದ ಸೋರ್ಸ್ ಆ ಕಾನ್ವೆಂಟಿನ ರಿಜಿಸ್ಟರ್.

"ನನ್ನ ಅಪ್ಪ ದೂಮಣ್ಣ ರೈ. ನಾನೇ ಹೇಳ್ತಾ ಇದ್ದೇನಲ್ಲ" ಎಂದೆ.

"ಅದು ಮೆಮೊರಿ ಅಜ್ಜೀ. ರೆಕಾರ್ಡ್ ಅಲ್ಲ."

"ಹಾಗಾದ್ರೆ ಎಂತ ಬರೀತಿ?"

"ನಿಮ್ಮ ಮಾವನ ಹೆಸರು ತೆಗೀತೇನೆ. ಬೇರೆ ಎಂತದೂ ಸಿಗದಿದ್ರೆ ಸದ್ಯಕ್ಕೆ ಫಾದರ್ ಅನ್‌ನೋನ್."

ಫಾದರ್ ಅನ್‌ನೋನ್! ಹನ್ನೆರಡು ಅಡಿ ಫ್ಲೆಕ್ಸಿನಲ್ಲಿ, ಸಂಬಂಧಿಕರೆಲ್ಲ ಐಸ್‌ಕ್ರೀಮ್ ತಿನ್ನುತ್ತಾ ಓದುವ ಹಾಗೆ! ಎಂಬತ್ತು ದಾಟಿದ ನನ್ನ ಮೊಣಕಾಲಿಗೆ ಅಂದು ಎಲ್ಲಿಂದಲೋ ಬಲ ಬಂತು. ಮರುದಿನವೇ ಅವಳನ್ನು ಎಬ್ಬಿಸಿ ರಿಕ್ಷಾ ತರಿಸಿದೆ.

ನೋಂದಣಿ ಕಚೇರಿಯ ದಾಖಲೆ ಕೊಠಡಿಯಲ್ಲಿ ನಮ್ಮ ಮನೆಯ ಹಳೆಯ ಪಾಲುಪತ್ರದ ನಕಲು ಸಿಕ್ಕಿತು. ಕನ್ನಡಕ ಹಣೆಗೇರಿಸಿದ ಗುಮಾಸ್ತರು ಬೆರಳಿಟ್ಟು ಓದಿದರು. ಅಜ್ಜಿ, ಅಮ್ಮ, ಚಿಕ್ಕಮ್ಮ, ಮಾವ, ಮೈನರ್ ನಾನು. ಮೂರು ತಿಂಗಳಿಗೇ ತೀರಿಕೊಂಡ ನನ್ನ ತಮ್ಮನಿಗೂ ಒಂದು ಸಾಲು ಇತ್ತು. ನನ್ನ ಅಪ್ಪನಿಗಿಲ್ಲ.

"ಗಂಡಂದಿರನ್ನು ಇದರಲ್ಲಿ ಬರೆಯುವ ಕ್ರಮವೇ ಇಲ್ಲ ಅಮ್ಮಾ, ಅಳಿಯಕಟ್ಟು ಅಲ್ವಾ" ಎಂದರು ಅವರು. "ಈ ಪತ್ರ ಮಾತ್ರ ನೋಡಿದ್ರೆ ನೀವೆಲ್ಲ ಗಾಳಿಗೆ ಹುಟ್ಟಿದ ಹಾಗೆ ಉಂಟು ಮಾರಾಯ್ರೇ."

"ನಮ್ಮ ಅಪ್ಪನ ಮನೆಯ ಪತ್ರ ಉಂಟಲ್ಲ? ಅದರಲ್ಲಿ ನೋಡಿ."

ಅದೂ ಸಿಕ್ಕಿತು. ದೂಮಣ್ಣ ರೈ ಎಂದು ಗುಂಡಗೆ ಬರೆದಿತ್ತು. ಆದರೆ ಅಲ್ಲಿ ಅವರು ಅಕ್ಕನಿಗೆ ತಮ್ಮ, ಅಕ್ಕನ ಮಕ್ಕಳಿಗೆ ಮಾವ. ನನಗೆ ಏನೂ ಅಲ್ಲ. ಅವರ ಹೆಸರು ಒಂದು ಕಾಗದದಲ್ಲಿ, ನನ್ನ ಹೆಸರು ಇನ್ನೊಂದರಲ್ಲಿ, ನಡುವೆ ನೇತ್ರಾವತಿ. ಎರಡೂ ಒಟ್ಟಿಗಿರುವ ಒಂದೇ ಒಂದು ಚೀಟಿ ಈ ಇಡೀ ಜಿಲ್ಲೆಯಲ್ಲಿ ಇಲ್ಲ. ನನ್ನ ಲಗ್ನಪತ್ರಿಕೆಯೂ ಮಾವನ ಹೆಸರಿನಲ್ಲಿ ಅಚ್ಚಾದದ್ದು. ಆ ಹೊತ್ತಿಗೆ ಅಪ್ಪ ತೀರಿಹೋಗಿದ್ದರು. ಅವರ ಬೊಜ್ಜವನ್ನೂ, ಅಂದರೆ ಉತ್ತರಕ್ರಿಯೆಯನ್ನೂ, ಅವರ ಅಕ್ಕನ ಗಂಡುಮಕ್ಕಳೇ ಮಾಡಿದ್ದು. ಹನ್ನೊಂದನೆಯ ದಿನ ನಾನೂ ಅಮ್ಮನೂ ದೋಣಿ ದಾಟಿ ಹೋದಾಗ, ಆ ಮನೆಯವರು ನಮಗೆ ಬೆಲ್ಲ ನೀರು ಕೊಟ್ಟರು.

ವಾಪಸು ಬರುವಾಗ ರಿಕ್ಷಾದಲ್ಲಿ ನಾನು ಮಾತಾಡಲಿಲ್ಲ. ಮಾತಾಡದಿದ್ದರೆ ನಮ್ಮ ಮನೆಯಲ್ಲಿ ಗಾಬರಿಯಾಗುತ್ತಾರೆ. ಶ್ರಾವ್ಯ ಬಲ್ಮಠದ ಏರಿನಲ್ಲಿ ಮೆಲ್ಲನೆ ಕೇಳಿದಳು, "ಅಜ್ಜೀ, ಅವರದ್ದು ಒಂದು ಫೋಟೋ ಕೂಡ ಇಲ್ವಾ?"

ಇಲ್ಲ. ಫೋಟೋ ಇರುವುದು ಒಂದೇ, ನಮ್ಮ ಹಾಲಿನಲ್ಲಿ ನೇತಾಡುವ ಕುಟುಂಬದ ಗ್ರೂಪ್ ಫೋಟೋ. ಅದು ನಾನು ಕಾನ್ವೆಂಟ್ ಸೇರಿದ ವರ್ಷದ್ದು. ಒಂದು ವಾರ ಮಾವ ಉರ್ವದ ಪ್ರಯಾಣವನ್ನೇ ರದ್ದು ಮಾಡಿ, ಭಾನುವಾರ ಬೆಳಿಗ್ಗೆ ಮೂರು ಕಾಲಿನ ಕ್ಯಾಮರಾದ ಒಬ್ಬ ಪೊರ್ಬುಗಳನ್ನು ಮನೆಗೆ ಕರೆಸಿದ್ದರು. ಕ್ರಿಶ್ಚಿಯನ್ ಗಂಡಸರನ್ನು ನಾವೆಲ್ಲ ಹಾಗೆಯೇ ಕರೆಯುವುದು. ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ ನಿಲ್ಲಿಸಿ, ಕಪ್ಪು ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿದ ಪೊರ್ಬುಗಳು ಚಾವಡಿಯಲ್ಲಿ ಕುಳಿತಿದ್ದ ಅಪ್ಪನನ್ನು ನೋಡಿದರು.

"ಅವರೂ ಬರ್ಲಿ ಶೆಟ್ರೇ, ಜಾಗ ಉಂಟು."

ಅಜ್ಜಿ ತಕ್ಷಣ, "ಅಯ್ಯೋ, ರೈಗಳಿಗೆ ಯಾಕೆ ಕಷ್ಟ? ಅವರು ಆರಾಮಲ್ಲಿ ಕೂತ್ಕೊಳ್ಳಲಿ" ಎಂದರು. ಅವಮಾನವಲ್ಲ ಅದು, ಉಪಚಾರ. ಅಪ್ಪನೂ ನಕ್ಕು, "ಇದು ಶೆಟ್ರ ಕುಟುಂಬದ ಫೋಟೋ ಪೊರ್ಬುಗಳೇ. ನಾನು ಇದರಲ್ಲಿ ನಿಂತ್ರೆ ಹೊಳೆಯಾಚೆ ನನ್ನ ಅಕ್ಕ ಮಾತು ಬಿಟ್ಟಾಳು" ಎಂದರು.

ಆದರೆ ಎಳೆ ಬಿಸಿಲು ಎಡಗಡೆಯಿಂದ ನೇರ ಮುಖಕ್ಕೆ ಹೊಡೆಯುತ್ತಿತ್ತು. ಎಡ ತುದಿಯಲ್ಲಿ ಚಾಪೆಯ ಮೇಲೆ ಕುಳಿತ ನಾನು ಕಣ್ಣು ಬಿಡಲಾರದೆ ರಾಗ ತೆಗೆದೆ. ಪೊರ್ಬುಗಳು, "ಹುಡುಗಿ ಹಾಳು ಮಾಡ್ತಾಳೆ" ಎಂದು ಗೊಣಗಿದರು. ಆಗ ಅಪ್ಪ ಬೆಂಚಿನಿಂದ ಎದ್ದು, ಕೊಡೆ ಬಿಡಿಸಿಕೊಂಡು, ಆ ಬದಿಯಲ್ಲಿ ಬಂದು ನಿಂತರು. ಅಷ್ಟು ನನಗೆ ಸರಿಯಾಗಿ ನೆನಪಿದೆ. ಫೋಟೋ ಬಂದ ಮೇಲೆ ವರ್ಷಗಟ್ಟಲೆ ಎಲ್ಲರೂ ನನ್ನನ್ನು ಗೇಲಿ ಮಾಡಿದರು. ಎಲ್ಲರೂ ಕ್ಯಾಮರಾ ನೋಡುತ್ತಿದ್ದಾರೆ, ನಾನೊಬ್ಬಳು ಪಕ್ಕಕ್ಕೆ ನೋಡುತ್ತಿದ್ದೇನೆ. "ಎಲ್ಲಿ ನೋಡ್ತಾ ಇದ್ದದ್ದು ಮಾರಾಯ್ತಿ, ಕಾಗೆಯನ್ನಾ?" ಎಂದು ಚಿಕ್ಕಮ್ಮ ಸಾಯುವವರೆಗೂ ಕೇಳಿದರು. ಹೌದು, ಕಾಗೆಯನ್ನು ಎನ್ನುತ್ತಿದ್ದೆ.

ಈ ಕತೆಯನ್ನು ರಿಕ್ಷಾದಲ್ಲೇ ಹೇಳಿ ಮುಗಿಸಿದೆ. ಶ್ರಾವ್ಯ ಮನೆಗೆ ಬಂದವಳೇ ಸ್ಟೂಲ್ ಹತ್ತಿ ಫೋಟೋ ಇಳಿಸಿ, ಹಿಂದಿನ ಮೊಳೆಗಳನ್ನು ಸೊಸೆಯ ಚಮಚದಿಂದ ಮೀಟಿದಳು. ಚಮಚ ಬಗ್ಗಿತು, ಸೊಸೆಯ ಮುಖವೂ ಬಗ್ಗಿತು. ಹಲಗೆ ಬಿಚ್ಚಿದಾಗ ಹಳೆಯ ಗೋಂದಿನ, ಜಿರಳೆಯ, ಮುಗ್ಗಲು ಕಾಗದದ ವಾಸನೆ ಊಟದ ಮೇಜನ್ನೆಲ್ಲ ಹಬ್ಬಿತು.

ಫೋಟೋದ ಸುತ್ತ ಒಂದು ದಪ್ಪ ರಟ್ಟಿನ ಮೌಂಟ್ ಇತ್ತು. ಮೂರು ಬದಿಗೆ ಅದು ಎರಡು ಬೆರಳು ಅಗಲ, ಎಡಗಡೆಗೆ ಮಾತ್ರ ಒಂದು ಅಂಗೈ. ನಾನು ಇಷ್ಟು ವರ್ಷ ನೋಡಿದರೂ ಆ ವ್ಯತ್ಯಾಸ ನೋಡಿರಲಿಲ್ಲ. ಶ್ರಾವ್ಯ ಫೋಟೋವನ್ನು ತಿರುಗಿಸಿದಳು. ಹಿಂದೆ ಪೊರ್ಬುಗಳ ಪೆನ್ಸಿಲ್ ಅಕ್ಷರ. ಅವಳು ಗಟ್ಟಿಯಾಗಿ ಓದಿದಳು.

"ಲೆಫ್ಟ್ ಸೈಡ್, ಹೈಡ್ ಜಂಟಲ್‌ಮನ್ ಅಂಡ್ ಅಂಬ್ರೆಲಾ."

ಆಮೇಲೆ ಮೌಂಟ್ ಎತ್ತಿದಳು.

ಮುಖವಿಲ್ಲ. ಅಂಚಿನಲ್ಲಿ ಕೊಡೆಯ ಎರಡು ಕಡ್ಡಿ, ಪಂಚೆಯ ಒಂದು ಮಡಿಕೆ, ಕೆಸರು ಒಣಗಿದ ಒಂದು ಚಪ್ಪಲಿ. ಉಳಿದದ್ದೆಲ್ಲ ನೆರಳು. ಬೆಳಗಿನ ಉದ್ದದ ನೆರಳು ಅಂಗಳದ ಮೇಲೆ ಮಲಗಿ, ಚಾಪೆ ಹತ್ತಿ, ಕೊಡೆಯ ಕಪ್ಪು ನನ್ನ ಮುಖದ ಮೇಲೆ ಬಂದು ನಿಂತಿದೆ. ಅಜ್ಜಿ ಕಣ್ಣು ಕಿರಿದು ಮಾಡಿದ್ದಾರೆ. ಮಾವ ಹುಬ್ಬು ಗಂಟಿಕ್ಕಿದ್ದಾರೆ. ಅಮ್ಮನ ಒಂದು ಕಣ್ಣು ಮುಚ್ಚಿಯೇ ಹೋಗಿದೆ. ಇಡೀ ಕುಟುಂಬದಲ್ಲಿ ಕಣ್ಣು ಪೂರ್ತಿ ಬಿಟ್ಟವಳು ನಾನೊಬ್ಬಳೇ. ನಾನು ನೋಡುತ್ತಿರುವುದು ಕಾಗೆಯನ್ನಲ್ಲ.

ಶ್ರಾವ್ಯ ಲ್ಯಾಪ್‌ಟಾಪ್ ಎಳೆದುಕೊಂಡು ಟಕಟಕನೆ ಹೊಡೆದಳು. ಫಾದರ್, ದೂಮಣ್ಣ ರೈ. ಸೋರ್ಸ್ ಎಂದಿದ್ದಲ್ಲಿ, ಛಾಯಾಚಿತ್ರ, ಎಡಬದಿ. ಕೆಂಪು ಗೆರೆ ತಟ್ಟನೆ ಮಾಯವಾಯಿತು. ನನ್ನ ಗಂಡ ನನಗೆ ಮತ್ತೆ ಗಂಡನಾದ. ಭಾವಚಿತ್ರ ಹಾಕುವ ಗುಂಡಗಿನ ಜಾಗದಲ್ಲಿ ಅವಳು ಆ ನೆರಳನ್ನೇ ಕತ್ತರಿಸಿ ಕೂರಿಸಿದಳು. ಫ್ಲೆಕ್ಸಿನಲ್ಲಿ ಉಳಿದ ಹಿರಿಯರಿಗೆಲ್ಲ ಮೀಸೆ ಮುಂಡಾಸು ಇರುತ್ತದೆ, ನನ್ನ ಅಪ್ಪನಿಗೆ ಕೊಡೆ ಇರುತ್ತದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸೊಸೆಗೆ ಏನನ್ನಿಸಿತೋ, ಬಗ್ಗಿದ ಚಮಚವನ್ನು ಮರೆತು ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಬೆಲ್ಲವನ್ನೂ ತಂಬಿಗೆಯಲ್ಲಿ ನೀರನ್ನೂ ತಂದು ಫೋಟೋದ ಮುಂದೆ ಇಡಹೊರಟಳು.

"ಅದು ಬೇಡ, ಒಳಗೆ ತೆಗೊಂಡು ಹೋಗು" ಎಂದೆ. "ಅವರೆಂತ ನೆಂಟರಾ? ನಮಗೆಲ್ಲ ಕಾಫಿ ಮಾಡುವಾಗ ಅವರಿಗೂ ಒಂದು ಲೋಟ ಮಾಡು, ಸಾಕು."